ಸೀಟಿ ಕಲಿಯಲು ಮದರಾಸಿಗೆ

ಬೆಂಗಳೂರಿನ ಜನ ಮದರಾಸಿಗೆ ಏತಕ್ಕೆ ಹೋಗುತ್ತಾರೆ? ನೆಂಟರ ಮದುವೆಗೆ, ಕಣ್ಣಿನ ಚಿಕಿತ್ಸೆಗೆ, ರೇಷ್ಮೆ ಸೀರೆಗೆ, ಡಿಸೆಂಬರಿನಲ್ಲಾದರೆ ಸಂಗೀತಕ್ಕೆ. ನಾನು ಹೋದದ್ದು ಸೀಟಿ ಊದುವುದನ್ನು ಕಲಿಯುವುದಕ್ಕೆ. ಆ ನಗರ 1996ರಲ್ಲೇ ಚೆನ್ನೈ ಆಯಿತಾದರೂ ನಮ್ಮ ಮನೆಯಲ್ಲಿ ಅದು ಇನ್ನೂ ಮದರಾಸೇ. ಬ್ಯಾಸ್ಕೆಟ್‌ಬಾಲ್ ರೆಫರಿಗಳಾಗಬಯಸುವವರಿಗೆ ಅಲ್ಲಿ ನಾಲ್ಕು ದಿನಗಳ ಶಿಬಿರವೊಂದಿದೆ, ನಾನೂ ಹೆಸರು ಕೊಟ್ಟಿದ್ದೇನೆ ಎಂದಾಗ ನನ್ನಾಕೆ, “ಊದುವುದಕ್ಕೂ ಒಂದು ಶಿಬಿರವೇ? ನಮ್ಮ ಕುಕ್ಕರಿಗೆ ಯಾರೂ ಕಲಿಸಲಿಲ್ಲವಲ್ಲ, ರೀ!” ಎಂದು ನಕ್ಕಳು. ನನ್ನ ತಾಯಿಯವರ ಚಿಂತೆಯೇ ಬೇರೆ. “ಈ ವಯಸ್ಸಿನಲ್ಲಿ ಚಡ್ಡಿ ತೊಟ್ಟು ಓಡುತ್ತೀಯೇನೋ?” ಎಂದು ಕೇಳಿದರು. ರೆಫರಿಗಳಿಗೆ ಉದ್ದನೆಯ ಕಪ್ಪು ಷರಾಯಿಯೇ ನಿಯಮ ಎಂದು ತಿಳಿಸಿದ ಮೇಲೆ ಅವರಿಗೆ ಸಮಾಧಾನವಾಯಿತು.

ಹೋಗುವುದಕ್ಕೆ ಒಂದು ಕಾರಣವಿತ್ತು. ಅದನ್ನು ನಾನು ಮನೆಯಲ್ಲಿ ಹೇಳಿರಲಿಲ್ಲ.

ಕಾಲೇಜಿನ ದಿನಗಳಲ್ಲಿ ನಾನು ಬ್ಯಾಸ್ಕೆಟ್‌ಬಾಲ್ ಆಡಿದವನು. ಮಂಡಿ ತಕರಾರು ತೆಗೆದ ಮೇಲೆ ಆಟ ನಿಂತು, ಬಡಾವಣೆಯ ಅಂಕಣದ ಪಕ್ಕದ ಕಲ್ಲುಬೆಂಚು ಮಾತ್ರ ನನ್ನ ಪಾಲಿಗೆ ಉಳಿದಿತ್ತು. ಹಿಂದಿನ ವರ್ಷ ಅಲ್ಲಿ ಶಾಲಾ ಬಾಲಕಿಯರ ಪಂದ್ಯವೊಂದು ನಡೆಯಿತು. ಬರಬೇಕಾಗಿದ್ದ ಇಬ್ಬರು ರೆಫರಿಗಳಲ್ಲಿ ಒಬ್ಬರು ಬರಲಿಲ್ಲ. “ನೀವು ಆಡಿದವರಲ್ಲವೇ, ಬನ್ನಿ ಸಾರ್” ಎಂದು ಬೆಂಚಿನಿಂದ ನನ್ನನ್ನು ಎಬ್ಬಿಸಿದರು. ಆಡಿದವನಿಗೆ ತೀರ್ಪು ಕೊಡಲು ಬರದೆ ಏನು ಎಂಬ ಜಂಬ ನನಗೂ ಇತ್ತು. ಕೊನೆಯ ನಿಮಿಷ, ಬುಟ್ಟಿಯ ಕೆಳಗೆ ನಾಲ್ಕೈದು ಹುಡುಗಿಯರು ಒಟ್ಟಿಗೆ ಹಾರಿದರು. ನನ್ನ ಕಣ್ಣು ಚೆಂಡಿನ ಮೇಲಿತ್ತು. ಕೈಗೆ ಕೈ ಬಡಿದ ಶಬ್ದ ಕೇಳಿಸಿತು. ಸೀಟಿ ಊದಿ, ಹತ್ತಿರ ಕಂಡ 11ನೆಯ ಸಂಖ್ಯೆಯ ಹುಡುಗಿಯತ್ತ ಕೈ ತೋರಿಸಿಬಿಟ್ಟೆ. ಅದು ಅವಳ ಐದನೆಯ ಫೌಲ್. ಐದಾದರೆ ಆಟಗಾರ್ತಿ ಅಂಕಣ ಬಿಟ್ಟು ಹೊರಗೆ ಕೂರಬೇಕು. “ಅಂಕಲ್, ನಾನು ಮುಟ್ಟಲೇ ಇಲ್ಲ” ಎಂದು ಮೆಲ್ಲಗೆ ಹೇಳಿ ಆ ಮಗು ಹೊರಗೆ ನಡೆಯಿತು. ಎದುರಾಳಿಗಳಿಗೆ ಎರಡು ಫ್ರೀ ಥ್ರೋ ಸಿಕ್ಕಿದವು. ಅವಳ ತಂಡ ಒಂದು ಅಂಕದಿಂದ ಸೋತಿತು. ಮುಟ್ಟಿದವಳು ಅವಳಲ್ಲವೆಂದು ಅವಳ ಮುಖ ನೋಡಿದ ಕ್ಷಣವೇ ನನಗೆ ಗೊತ್ತಾಗಿತ್ತು. ಆದರೂ ಊದಿದ ಸೀಟಿಯನ್ನು ಹಿಂದಕ್ಕೆ ನುಂಗುವ ಧೈರ್ಯ ನನಗಿರಲಿಲ್ಲ. ಇನ್ನು ಮುಂದೆ ಸೀಟಿ ಮುಟ್ಟಬಾರದು, ಇಲ್ಲವೇ ಸರಿಯಾಗಿ ಕಲಿಯಬೇಕು, ಎರಡರಲ್ಲೊಂದು ತೀರ್ಮಾನವಾಗಬೇಕಾಗಿತ್ತು.

ಲಾಲ್‌ಬಾಗ್ ಎಕ್ಸ್‌ಪ್ರೆಸ್ ಬೆಳಗಿನ ಗಾಡಿ. ಕಿಟಕಿಯ ಪಕ್ಕದಲ್ಲಿ ಕುಳಿತು ನಿಯಮಗಳ ಪುಸ್ತಕವನ್ನು ತೆರೆದೆ. ಬಂಗಾರಪೇಟೆಯಲ್ಲಿ ಒಂದು ಕಪ್ಪು ಕಾಫಿ. ಇಲ್ಲಿಂದ ಕೋಲಾರದ ಚಿನ್ನದ ಗಣಿಗಳಿಗೆ ಒಂದು ಕವಲು ಹಳಿ ಹೋಗುತ್ತದೆ; ಗಣಿಗಳು 2001ರಲ್ಲಿ ಮುಚ್ಚಿದರೂ ಹಳಿ ಉಳಿದಿದೆ. ಕುಪ್ಪಂ ಕಳೆದು ಗಾಡಿ ಇಳಿಜಾರಿಗೆ ಬೀಳುತ್ತಿದ್ದಂತೆ ಗಾಳಿಯ ತಂಪು ಮಾಯವಾಗುತ್ತದೆ. ವಾಣಿಯಂಬಾಡಿ, ಆಂಬೂರುಗಳ ಕಡೆ ಪಾಲಾರ್ ನದಿ ಜೊತೆಗೆ ಬರುತ್ತದೆ. ನಮ್ಮ ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿದ ಹೊಳೆ. ನಾನು ಕಂಡ ದಿನ ಅದರಲ್ಲಿದ್ದುದು ಬರಿಯ ಮರಳು.

ಶಿಬಿರಕ್ಕೆ ಹೊರಡುವವರು ನಿಯಮಗಳನ್ನು ಒಮ್ಮೆಯಾದರೂ ಓದಿಕೊಂಡೇ ಹೋಗಬೇಕು. ಅಲ್ಲಿ ಹೋಗಿ ಓದುತ್ತೇನೆಂದರೆ ಬಿಡುವು ಸಿಕ್ಕುವುದಿಲ್ಲ. ಅದರಲ್ಲೂ ನನ್ನಂಥ ಹಳೆಯ ಆಟಗಾರರಿಗೆ ಒಂದು ವಿಶೇಷ ಅಪಾಯವಿದೆ: ನಮಗೆ ಗೊತ್ತಿರುವುದು ನಮ್ಮ ಕಾಲದ ನಿಯಮ. ಮೂರಂಕದ ಗೆರೆ ನಮ್ಮ ಕಾಲದಲ್ಲಿ 6.25 ಮೀಟರಿನಲ್ಲಿತ್ತು, 2010ರಿಂದ 6.75 ಆಗಿದೆ. ಅದು ಹೋಗಲಿ, ನೆಲದ ಮೇಲೆ ಬಣ್ಣದಲ್ಲಿ ಬರೆದಿರುತ್ತದೆ. ಚೆಂಡು ಹಿಡಿದು ಹೆಜ್ಜೆ ಹಾಕುವ ವಿಚಾರ ಹಾಗಲ್ಲ. ಓಡುತ್ತಿರುವವನು ಚೆಂಡನ್ನು ಹಿಡಿತಕ್ಕೆ ತೆಗೆದುಕೊಳ್ಳುವಾಗ ನೆಲದಲ್ಲಿರುವ ಕಾಲು ಲೆಕ್ಕಕ್ಕಿಲ್ಲ, ಆಮೇಲೆ ಎರಡು ಹೆಜ್ಜೆ ಎಂದು 2017ರಲ್ಲಿ ಅಂತರರಾಷ್ಟ್ರೀಯ ನಿಯಮ ತಿದ್ದುಪಡಿಯಾಯಿತು. ಅರಕ್ಕೋಣಂ ದಾಟುವವರೆಗೆ ನಾನು ಆ ಒಂದು ಪುಟವನ್ನು ಐದು ಸಲ ಓದಿದೆ. ಸೀಟಿನ ಕೆಳಗೆ ಕಾಲು ಆಡಿಸಿ ಲೆಕ್ಕ ಹಾಕಿದೆ. ಎದುರಿಗಿದ್ದ ಅಜ್ಜಿ, ಕಾಲು ಜೋಮು ಹಿಡಿದಿರಬೇಕೆಂದು ಕನಿಕರದಿಂದ ನೋಡಿದರು.

ಸೆಂಟ್ರಲ್ ನಿಲ್ದಾಣದಿಂದ ನೆಲದೊಳಗಿನ ಮೆಟ್ರೋ ಹಿಡಿದು ನಂದನಂನಲ್ಲಿ ಮೇಲಕ್ಕೆ ಬಂದಾಗ, ಮಧ್ಯಾಹ್ನದ ಸೆಕೆ ಒದ್ದೆ ಕಂಬಳಿಯಂತೆ ಮೈಮೇಲೆ ಬಿದ್ದಿತು. ಶಿಬಿರ ನಡೆದದ್ದು ಹತ್ತಿರದ ಶಾಲೆಯೊಂದರ ಅಂಕಣದಲ್ಲಿ. ಸುಮಾರು ಮೂವತ್ತು ಮಂದಿ ನೆರೆದಿದ್ದೆವು. ಹೆಚ್ಚಿನವರು ವ್ಯಾಯಾಮ ಶಿಕ್ಷಕರು. ಕಾಲೇಜು ಬಿಟ್ಟ ಹುಡುಗರು ಕೆಲವರು. ಆರು ಮಂದಿ ಹೆಂಗಸರು. ಬ್ಯಾಂಕಿನ ಗುಮಾಸ್ತೆ ನಾನೊಬ್ಬನೇ. ಕೊಠಡಿಯಲ್ಲಿ ನನಗೆ ಜೊತೆಯಾದವರು ಮಧುರೆಯ ಶಿಕ್ಷಕರೊಬ್ಬರು. ಅವರಿಗೆ ಕನ್ನಡ ಬಾರದು, ನನ್ನ ತಮಿಳು ಸಿನಿಮಾ ಹಾಡುಗಳಾಚೆಗೆ ಹೋಗದು.

ಮೊದಲ ದಿನ ನಮಗೆ ಸೀಟಿಯನ್ನೇ ಕೊಡಲಿಲ್ಲ! ಕೇರಳದ ಹಿರಿಯ ರೆಫರಿಯೊಬ್ಬರು ನಮ್ಮ ಗುರುಗಳು. ಮೆಲುಮಾತಿನವರು, ಬೆಳ್ಳಗಾದ ಮೀಸೆ. ತಂದ ಸೀಟಿಗಳನ್ನೆಲ್ಲ ಮೇಜಿನ ಮೇಲಿಡಿ ಎಂದರು. ನನ್ನದು ಕಾಲೇಜಿನ ಕಾಲದ ಹಿತ್ತಾಳೆಯದು, ಒಳಗೆ ಗುಂಡು ಉರುಳುವ ಜಾತಿ. ಅದನ್ನು ಕೈಗೆತ್ತಿಕೊಂಡು ಅವರು ಒಂದು ಕಥೆ ಹೇಳಿದರು. ರಾನ್ ಫಾಕ್ಸ್‌ಕ್ರಾಫ್ಟ್ ಎಂಬ ಕೆನಡಾದ ರೆಫರಿ 1984ರಲ್ಲಿ ಬ್ರೆಜಿಲಿನಲ್ಲಿ ಒಲಿಂಪಿಕ್ ಅರ್ಹತೆಯ ಪಂದ್ಯವೊಂದನ್ನು ನಡೆಸುತ್ತಿದ್ದಾಗ, ಸರಿಯಾದ ಸಮಯಕ್ಕೆ ಸೀಟಿಯೊಳಗಿನ ಗುಂಡು ಸಿಕ್ಕಿಕೊಂಡು ಶಬ್ದವೇ ಹೊರಡಲಿಲ್ಲವಂತೆ. ಸಾವಿರಾರು ಜನ ಕೆರಳಿದರು. ಊರಿಗೆ ಮರಳಿದ ಆತ ಗುಂಡೇ ಇಲ್ಲದ ಸೀಟಿಯನ್ನು ರೂಪಿಸಲು ಕುಳಿತ. 1987ರಲ್ಲಿ ಅದು ಬಳಕೆಗೆ ಬಂತು. ಈಗ ದೊಡ್ಡ ಪಂದ್ಯಗಳಲ್ಲಿ ಕೇಳುವುದೆಲ್ಲ ಆ ಜಾತಿಯ ಸೀಟಿಯ ಸದ್ದೇ. “ಇದನ್ನು ಮನೆಯಲ್ಲಿ ಮಕ್ಕಳಿಗೆ ಕೊಡಿ” ಎಂದು ನನ್ನದನ್ನು ಹಿಂದಿರುಗಿಸಿದರು. ಅಂದೇ ಸಂಜೆ ಎರಡು ಹೊಸ ಸೀಟಿ ಕೊಂಡೆ. ಒಂದು ಕೈಕೊಟ್ಟರೆ ಇನ್ನೊಂದಿರಲಿ ಎಂದು. ಕೊಳ್ಳಬಾರದಾಗಿದ್ದದ್ದು ಹೊಸ ಬೂಟು. ಊರಿನಲ್ಲೇ ಹದಿನೈದು ದಿನ ಮೆಟ್ಟಿ ಪಳಗಿಸದೆ ತಂದ ತಪ್ಪಿಗೆ ಎರಡನೆಯ ದಿನವೇ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು.

ಸೀಟಿಯಿಲ್ಲದೆ ನಾವು ಮಾಡಿದ್ದೇನು? ನಿಂತದ್ದು. ಅಂಕಣದ ಉದ್ದ 28 ಮೀಟರ್, ಅಗಲ 15. ಇಬ್ಬರು ರೆಫರಿಗಳಲ್ಲಿ ಒಬ್ಬ ದಾಳಿಗಿಂತ ಮುಂದೆ ಓಡಿ ಬುಟ್ಟಿಯ ಹಿಂದಿನ ಗೆರೆಯಾಚೆ ನಿಲ್ಲಬೇಕು, ಅವನು ಲೀಡ್. ಇನ್ನೊಬ್ಬ ಆಟದ ಬೆನ್ನ ಹಿಂದೆ ಬರಬೇಕು, ಅವನು ಟ್ರೇಲ್. ಚೆಂಡು ಕೈಬದಲಾದ ಕ್ಷಣ ಪಾತ್ರಗಳೂ ಅದಲುಬದಲು. ಗುರುಗಳು ಹುಡುಗರಿಂದ ಆಟ ಆಡಿಸಿ, ಥಟ್ಟನೆ ನಿಲ್ಲಿಸಿ, “ಚೆಂಡು ಎಲ್ಲಿತ್ತು?” ಎಂದು ಕೇಳುವರು. ಮೂವತ್ತು ಕೈಗಳು ಒಂದೇ ಕಡೆ ತೋರಿಸುವುವು. “ಚೆಂಡಿಲ್ಲದ ಕಡೆ, ಆ 7ನೆಯ ಸಂಖ್ಯೆಯವನ ಎಡಗೈ ಎಲ್ಲಿತ್ತು?” ಎಂದರೆ ಎಲ್ಲರೂ ಮೌನ. ಅದು ಎದುರಾಳಿಯ ಅಂಗಿಯನ್ನು ಹಿಡಿದುಕೊಂಡಿತ್ತು!

“ಚೆಂಡನ್ನು ನೋಡಲು ಸಾವಿರ ಜನ ಟಿಕೆಟ್ ಕೊಂಡು ಬಂದಿದ್ದಾರೆ. ನಿಮ್ಮನ್ನು ಕರೆದಿರುವುದು ಉಳಿದದ್ದನ್ನು ನೋಡಲು” ಎಂದರು ಅವರು. ಇಬ್ಬರು ಒತ್ತೊತ್ತಾಗಿ ಹಾರಿದಾಗ ಅವರ ನಡುವೆ ಬೆಳಕು ಕಾಣುವ ಜಾಗದಲ್ಲಿ ನಾವಿರಬೇಕು. ಒಬ್ಬನ ಬೆನ್ನ ಹಿಂದೆ ನಿಂತರೆ ಕಾಣುವುದು ಬೆನ್ನು ಮಾತ್ರ. ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಕೈ ಕೈಗೆ ತಾಗಿತೋ ಚೆಂಡಿಗೆ ತಾಗಿತೋ ಸ್ಪಷ್ಟ. ಬೆಳಕು ಕಾಣದಿದ್ದರೆ ಊದಬಾರದು; ಶಬ್ದ ಕೇಳಿ ಊದುವುದಂತೂ ಮಹಾಪರಾಧ. ಅವರು ಈ ಮಾತನ್ನಾಡುವಾಗ ನನ್ನತ್ತ ನೋಡಲಿಲ್ಲ. ನಾನು ಮಾತ್ರ ನೆಲ ನೋಡಿದೆ. ಹುಡುಗಿಯರ ಆ ಪಂದ್ಯದಲ್ಲಿ ನಾನು ನಿಂತಿದ್ದುದು ಮೂರು ಬೆನ್ನುಗಳ ಹಿಂದೆ.

ಎರಡನೆಯ ದಿನ ಕೈಸನ್ನೆಗಳ ಪಾಠ. ಫೌಲಿಗೆ ಮುಷ್ಟಿ ಎತ್ತಬೇಕು, ಗೆರೆ ದಾಟುವಂಥ ನಿಯಮಭಂಗಕ್ಕೆ ಬಿಡಿಸಿದ ಅಂಗೈ. ಎರಡರಿಂದಲೂ ಗಡಿಯಾರ ನಿಲ್ಲುತ್ತದೆ. ಆಮೇಲೆ ಸ್ಕೋರರ್ ಮೇಜಿಗೆ ಆಟಗಾರನ ಸಂಖ್ಯೆ ತೋರಿಸಬೇಕು. 23 ಎಂದರೆ ಮೊದಲು ಕೈಯ ಹಿಂಬದಿ ಕಾಣುವಂತೆ ಎರಡು ಬೆರಳು, ಅನಂತರ ಅಂಗೈ ಕಾಣುವಂತೆ ಮೂರು. ಭಾಷೆ ಬಾರದ ನಮ್ಮಿಬ್ಬರಿಗೆ ಇದು ವರವಾಯಿತು. ಊಟದ ಮನೆಯಲ್ಲಿ ಮೂರನೆಯ ಸಲ ರಸಂ ಸುರಿಯಲು ಬಂದವನ ಮುಂದೆ ಮಧುರೆಯವರು ಗಂಭೀರವಾಗಿ ಅಂಗೈ ಎತ್ತಿ ಗಡಿಯಾರ ನಿಲ್ಲಿಸಿದರು. ನಾನು ನನ್ನ ಹಪ್ಪಳ ಕದ್ದ ಕೇರಳದ ಹುಡುಗನಿಗೆ ಮುಷ್ಟಿ ಎತ್ತಿದೆ. ಅವನು ತಾನೇ ಎರಡು ಬೆರಳು ತೋರಿಸಿ, ನನಗೆ ಎರಡು ಹಪ್ಪಳ ತಂದುಕೊಟ್ಟ.

ಮೂರನೆಯ ದಿನ ಸ್ಕೋರರ್ ಮೇಜಿನಲ್ಲಿ ಕೂರುವ ಸರದಿ. ಹಲವರು ಅದನ್ನು ಶಿಕ್ಷೆಯೆಂದು ತಪ್ಪಿಸಿಕೊಂಡರು. ನನಗೋ ಹಿಮ್ಮಡಿಯ ಬೊಬ್ಬೆಯ ದೆಸೆಯಿಂದ ಅದೇ ಸ್ವರ್ಗ. ಕುಳಿತ ಮೇಲೆ ತಿಳಿಯಿತು, ಅವಸರದಲ್ಲಿ ತೋರಿಸಿದ ಸಂಖ್ಯೆ ಮೇಜಿನವರಿಗೆ ಹೇಗೆ ಕಾಣುತ್ತದೆಂದು. ನಮ್ಮವರೊಬ್ಬರು ಓಡುತ್ತಲೇ ತೋರಿಸಿದ ಬೆರಳುಗಳನ್ನು ನಾವು ಮೂವರು ಮೂರು ಬಗೆಯಾಗಿ ಓದಿದೆವು.

ಅಂದು ಸಂಜೆ ಬಿಡುವು. ಇತರರು ಮೆರೀನಾ ಕಡಲತೀರಕ್ಕೆ ಸುಂಡಲ್ ತಿನ್ನಲು ಹೋದರು. ಕುಂಟುವ ಕಾಲಿಗೆ ಅಷ್ಟು ಮರಳು ಬೇಡವೆಂದು ನಾನು ಹತ್ತಿರದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿನ ಆವರಣವನ್ನು ನೋಡಹೋದೆ. ಪ್ರತಿವರ್ಷ ಪುಸ್ತಕ ಜಾತ್ರೆ ಕೂಡುವ ನಂದನಂ ಮೈದಾನವೆಂದರೆ ಇದೇ. ಇಕ್ಕೆಲದಲ್ಲಿ ದೊಡ್ಡ ಮರಗಳು. ದೂರದ ಅಣ್ಣಾ ಸಾಲೈಯ ಗದ್ದಲ ಒಳಗೆ ಬರುಬರುತ್ತ ಕಾಗೆಗಳ ಗದ್ದಲವಾಗಿ ಮಾರ್ಪಡುತ್ತದೆ. 1920ರಲ್ಲಿ ಈ ಕಾಲೇಜನ್ನು ಆರಂಭಿಸಿದವರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕನ್ನರು, ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ಶಿಕ್ಷಣಶಾಲೆಯಿಂದ ಬಂದವರು. ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೂ ಆ ಶಾಲೆಯಲ್ಲೇ. 1891ರ ಡಿಸೆಂಬರಿನ ಚಳಿಯಲ್ಲಿ ಜೇಮ್ಸ್ ನೈಸ್ಮಿತ್ ಎಂಬ ಉಪಾಧ್ಯಾಯರು, ಒಳಾಂಗಣದಲ್ಲಿ ಆಡಲು ಒಂದು ಆಟ ಬೇಕೆಂದು, ಉಪ್ಪರಿಗೆಯ ಕಟಕಟೆಗೆ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಕಟ್ಟಿಸಿದರು. ಆ ಕಟಕಟೆ ಹತ್ತು ಅಡಿ ಎತ್ತರವಿತ್ತು ಎಂಬ ಒಂದೇ ಕಾರಣಕ್ಕೆ, ಇಂದಿಗೂ ಜಗತ್ತಿನ ಎಲ್ಲ ಅಂಕಣಗಳಲ್ಲಿ ಬುಟ್ಟಿ ಇರುವುದು 3.05 ಮೀಟರ್ ಎತ್ತರದಲ್ಲಿ.

ಕಲ್ಲುಹಾಸಿನ ಮೇಲೆ ಕುಳಿತು, ಗುರುಗಳು ಹಂಚಿದ್ದ ಹಾಳೆಯಲ್ಲಿ ನೈಸ್ಮಿತ್ತರ 13 ನಿಯಮಗಳನ್ನು ಓದಿದೆ. ಅಂದೇ ಇಬ್ಬರು ತೀರ್ಪುಗಾರರು: ರೆಫರಿ ಚೆಂಡಿನ ತೀರ್ಪುಗಾರ, ಅಂಪೈರ್ ಆಟಗಾರರ ತೀರ್ಪುಗಾರ. ಆಟ ಹುಟ್ಟುವಾಗಲೇ ಒಬ್ಬ ಮನುಷ್ಯನನ್ನು ಚೆಂಡು ನೋಡದಿರುವುದಕ್ಕೆಂದು ನೇಮಿಸಿದ್ದರು! ಆಟ ಆಡಿದ ಇಷ್ಟು ವರ್ಷ ನನಗಿದು ತಿಳಿದಿರಲಿಲ್ಲ. ಕತ್ತಲಾಗುವವರೆಗೆ ಅಲ್ಲೇ ಕುಳಿತಿದ್ದೆ. ಎದುರಿನ ಅಂಕಣದಲ್ಲಿ ಹುಡುಗರು ಆಡುತ್ತಿದ್ದರು. ಚೆಂಡನ್ನು ಬಿಟ್ಟು ಉಳಿದ ಒಂಬತ್ತು ಜನರನ್ನು ನೋಡಲು ಯತ್ನಿಸಿದೆ. ಮೂರು ಉಸಿರಿನಷ್ಟು ಹೊತ್ತು ಸಾಧ್ಯವಾಗುತ್ತದೆ, ಆಮೇಲೆ ಕಣ್ಣು ತಾನಾಗಿ ಚೆಂಡಿನ ಹಿಂದೆ ಓಡುತ್ತದೆ. ಹಟಮಾರಿ ಎಮ್ಮೆಯನ್ನು ಎಳೆದು ತಂದಂತೆ ಮತ್ತೆ ಮತ್ತೆ ಎಳೆದು ತರಬೇಕು.

ಕೊನೆಯ ದಿನ ಪರೀಕ್ಷೆ. ಬೆಳಿಗ್ಗೆ ಓಟ: 20 ಮೀಟರ್ ದೂರದ ಎರಡು ಗೆರೆಗಳ ನಡುವೆ, ಯಂತ್ರದ ‘ಬೀಪ್’ ಸದ್ದಿಗೆ ಸರಿಯಾಗಿ ಆಚೆಗೂ ಈಚೆಗೂ ಓಡಬೇಕು. ಸದ್ದಿನ ನಡುವಿನ ಅಂತರ ಬರುಬರುತ್ತ ಕಡಿಮೆಯಾಗುತ್ತದೆ. ಮಧುರೆಯವರು ಪಕ್ಕದಲ್ಲಿ ಓಡುತ್ತ ತಮಿಳಿನಲ್ಲಿ ಹುರಿದುಂಬಿಸಿದರು. ಆದರೂ ನನ್ನ ಮಂಡಿ ಮತ್ತು ಬೊಬ್ಬೆ ಸೇರಿ ಒಳಸಂಚು ಮಾಡಿದವು. ಗುರಿ ಮುಟ್ಟುವ ಮುನ್ನವೇ ಕುಳಿತುಬಿಟ್ಟೆ. ಬರವಣಿಗೆಯ ಪರೀಕ್ಷೆ ಚೆನ್ನಾಗಿಯೇ ಆಯಿತು.

ಮಧ್ಯಾಹ್ನ ಕಾಲೇಜು ಹುಡುಗರ ಪಂದ್ಯ. ಹತ್ತು ನಿಮಿಷ ನನ್ನ ಸರದಿ. ಮೊದಲ ನಿಮಿಷದಲ್ಲೇ ನಿಯಮಬದ್ಧವಾದ ಹೆಜ್ಜೆಗೆ ಸೀಟಿ ಊದಿದೆ. ಐದು ಸಲ ಓದಿದ್ದ ಅದೇ ನಿಯಮ! ಹುಡುಗ ನನ್ನನ್ನು ಅಜ್ಜನನ್ನು ನೋಡುವಂತೆ ನೋಡಿದ. ಆಮೇಲೆ ಬುಟ್ಟಿಯ ಕೆಳಗೆ ಇಬ್ಬರು ಹಾರಿದರು. ಮೇಲೆ ಫಟ್ಟೆಂದು ಶಬ್ದ. ಬೆಂಚಿನಲ್ಲಿದ್ದವರು, ತರಬೇತುದಾರರು, ಕಾಂಪೌಂಡಿನಾಚೆಯ ಐಸ್‌ಕ್ರೀಮಿನವನು, ಎಲ್ಲರೂ “ಫೌಲ್!” ಎಂದು ಕೂಗಿದರು. ನಾನು ಗೆರೆಯಾಚೆ ಎರಡು ಹೆಜ್ಜೆ ಸರಿದು ನಿಂತಿದ್ದೆ. ಕೈಗೂ ಕೈಗೂ ನಡುವೆ ಒಂದು ಅಂಗುಲ ಆಕಾಶ ಕಾಣುತ್ತಿತ್ತು. ಸೀಟಿ ತುಟಿಯಲ್ಲೇ ಇತ್ತು, ಊದಲಿಲ್ಲ. ಆಟ ಮುಂದೆ ಓಡಿತು. ಬೈಗುಳ ಅರ್ಧ ಅಂಕಣದವರೆಗೆ ನನ್ನ ಹಿಂದೆ ಬಂತು.

ಸಂಜೆ ಗುರುಗಳು ತಮ್ಮ ಫೋನಿನಲ್ಲಿ ತೆಗೆದಿದ್ದ ಚಿತ್ರವನ್ನು ನಿಧಾನಗತಿಯಲ್ಲಿ ತೋರಿಸಿದರು. ತನ್ನ ಆಟದ ಚಿತ್ರವನ್ನು ಕೇಳಿ ಪಡೆದು ನೋಡದವನಿಗೆ ಶಿಬಿರದ ಅರ್ಧ ಲಾಭ ನಷ್ಟ. ನೋಡಿದರೆ ಮಾತ್ರ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಹೆಜ್ಜೆಯ ತಪ್ಪನ್ನು ಮೂರು ಸಲ ತೋರಿಸಿದರು. ಆಮೇಲೆ ಆ ಜಿಗಿತ ಬಂತು. ಚಿತ್ರವನ್ನು ನಿಲ್ಲಿಸಿ, ಎರಡು ಕೈಗಳ ನಡುವಿನ ಬೆಳಕಿನ ಮೇಲೆ ಬೆರಳಿಟ್ಟು, ಏನೂ ಹೇಳದೆ ನನ್ನ ಬೆನ್ನು ತಟ್ಟಿದರು. ಓಟದಲ್ಲಿ ಸೋತವರು ಮುಂದಿನ ಶಿಬಿರಕ್ಕೆ ಮತ್ತೆ ಬರಬೇಕೆಂದು ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಬರೆದಿತ್ತು.

ಊರಿಗೆ ಬಂದ ಭಾನುವಾರ ಅಂಕಣದ ಬಳಿ ಹೋದೆ. ಕಾಲೇಜು ಸೇರಿದ್ದ ಆ ಹುಡುಗಿ ಗೆಳತಿಯರೊಡನೆ ಅಭ್ಯಾಸ ಮಾಡುತ್ತಿದ್ದಳು. ಕರೆದು ಹೇಳಿದೆ: “ಅಮ್ಮಾ, ಹೋದ ವರ್ಷದ ಆ ಐದನೆಯ ಫೌಲ್ ನಿನ್ನದಲ್ಲ. ನಾನು ನೋಡಿರಲಿಲ್ಲ, ಊದಿಬಿಟ್ಟೆ.”

ಅವಳು ಚೆಂಡನ್ನು ನೆಲಕ್ಕೆ ಎರಡು ಸಲ ಪುಟಿಸಿದಳು. “ನನಗೆ ಗೊತ್ತು ಅಂಕಲ್. ನಿಮಗೆ ಗೊತ್ತಿದೆಯೋ ಇಲ್ಲವೋ ಅಂತ ಗೊತ್ತಿರಲಿಲ್ಲ” ಎಂದಳು. ಸ್ವಲ್ಪ ಹೊತ್ತು ಬಿಟ್ಟು, “ಸೀಟಿ ತಂದಿದ್ದೀರಾ? ನಾವು ಹತ್ತು ಜನ ಇದ್ದೇವೆ, ನೋಡಿಕೊಳ್ಳುವವರಿಲ್ಲ” ಎಂದು ಕೇಳಿದಳು.

ಸೀಟಿ ಜೇಬಿನಲ್ಲಿತ್ತು. ಕಲ್ಲುಬೆಂಚಿನ ಮೇಲೆ ಕನ್ನಡಕದ ಪೆಟ್ಟಿಗೆಯನ್ನಿಟ್ಟು, ಬುಟ್ಟಿಯ ಹಿಂದಿನ ಗೆರೆಯಾಚೆಗೆ ಹೋಗಿ, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನಿಂತೆ.