ಬಿಳಿ ಕುದುರೆಯ ಕಾರ್ಡು

ಮೊನ್ನೆ ರಾತ್ರಿ ಊಟ ಮುಗಿಸಿ ಪಾತ್ರೆ ತೊಳೀತಿದ್ದಾಗ ಫೋನು. ಹಳೇ ಆಫೀಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಹುಡುಗಿ. ಹೋದ ವರ್ಷದಿಂದ ಟ್ಯಾರೋ ಕಲೀತಿದ್ದಾಳೆ, ಆಗಾಗ ಫೋನ್ ಮಾಡಿ ನನ್ನ ತಲೆ ತಿನ್ನುತ್ತಾಳೆ.

"ಅಕ್ಕಾ, ನಾಳೆ ನಮ್ಮತ್ತೆ ಮಗಳಿಗೆ ಕಾರ್ಡ್ ಹಾಕ್ತಿದೀನಿ. ಮೊದಲ್ನೇ ಸಲ. ಅಪ್ಪಿತಪ್ಪಿ ಡೆತ್ ಕಾರ್ಡ್ ಬಂದ್ಬಿಟ್ರೆ ಏನಂತ ಹೇಳ್ಲಿ?"

ಇದಕ್ಕೆ ಉತ್ತರ ಯಾವ ಟ್ಯಾರೋ ಪುಸ್ತಕ ತೆಗೆದರೂ ಸಿಗುತ್ತೆ. ಡೆತ್ ಅಂದರೆ ಸಾವಲ್ಲ, ಬದಲಾವಣೆ. ಹಳೆಯದು ಮುಗಿದು ಹೊಸದು ಶುರುವಾಗುವುದು. ನಾನೇ ಎಷ್ಟು ಜನಕ್ಕೆ ಹೇಳಿದ್ದೀನೋ ಲೆಕ್ಕ ಇಲ್ಲ. ಅವತ್ತೂ ನಾಲಿಗೆ ತುದಿಗೆ ಬಂತು, ಆದರೆ ಹೇಳೋಕಾಗಲಿಲ್ಲ. "ಬೆಳಿಗ್ಗೆ ಮಾಡ್ತೀನಿ ಇರೇ" ಅಂತ ಫೋನಿಟ್ಟೆ. ಆಮೇಲೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಇದನ್ನು ಬರೀತಾ ಕೂತಿದ್ದೀನಿ.

ಟ್ಯಾರೋ ಗೊತ್ತಿಲ್ಲದವರಿಗೆ ಎರಡು ಮಾತು. ಒಟ್ಟು 78 ಕಾರ್ಡು. ಅದರಲ್ಲಿ 56 ನಮ್ಮ ಇಸ್ಪೀಟಿನ ಎಲೆಗಳ ಥರಾನೇ, ಆದರೆ ಆಟಿನ್, ಡೈಮನ್ ಬದಲು ಬಟ್ಟಲು, ಕತ್ತಿ, ಕೋಲು, ನಾಣ್ಯ. ಉಳಿದ 22 ದೊಡ್ಡ ಕಾರ್ಡುಗಳು. ಸೂರ್ಯ, ಚಂದ್ರ, ಡೆತ್, ಡೆವಿಲ್, ಟವರ್ ಎಲ್ಲ ಅದರಲ್ಲೇ ಬರೋದು. ಹುಟ್ಟಿದ್ದು 15ನೇ ಶತಮಾನದ ಉತ್ತರ ಇಟಲಿಯಲ್ಲಿ, ಬರೀ ಆಟಕ್ಕೆ. ಇದರಲ್ಲಿ ಭವಿಷ್ಯ ನೋಡೋದು ಜೋರಾಗಿದ್ದು 18ನೇ ಶತಮಾನದ ಕೊನೆಗೆ, ಫ್ರಾನ್ಸಿನಲ್ಲಿ. 1781ರಲ್ಲಿ ಅಲ್ಲಿನ ವಿದ್ವಾಂಸನೊಬ್ಬ ಇದು ಪುರಾತನ ಈಜಿಪ್ಟಿನ ಜ್ಞಾನ ಅಂತ ಬರೆದುಬಿಟ್ಟ. ಆಧಾರ ಏನೂ ಇರಲಿಲ್ಲ. ಆದರೂ ಇವತ್ತಿಗೂ ಜನ ಅದನ್ನೇ ಹೇಳ್ತಾರೆ.

ನನಗೆ ಕಾರ್ಡುಗಳು ಭವಿಷ್ಯ ಹೇಳುತ್ತವೆ ಅನ್ನೋ ನಂಬಿಕೆ ಇಲ್ಲ. ಹಾಗಾದ್ರೆ ಯಾಕೆ ಇಟ್ಕೊಂಡಿದ್ದೀಯ ಅಂತ ನನ್ನ ಗಂಡ ಕೇಳ್ತಾನೇ ಇರ್ತಾರೆ. ಚಿತ್ರಗಳಿಗೆ. 2005ರಲ್ಲಿ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಯಲ್ಲಿ ಮೂಲೆ ಸವೆದ ಒಂದು ಡೆಕ್ ಸಿಕ್ಕಿತು. ರೈಡರ್ ವೇಟ್ ಅಂತಾರಲ್ಲ, ಅದು. 1909ರಲ್ಲಿ ಲಂಡನ್ನಿನಲ್ಲಿ ಬಂದದ್ದು. ರೈಡರ್ ಅನ್ನೋದು ಪ್ರಕಾಶಕರ ಹೆಸರು, ವೇಟ್ ಅನ್ನೋದು ಬರೆಸಿದವನ ಹೆಸರು. ಅಷ್ಟೂ ಚಿತ್ರ ಬರೆದ ಪಮೇಲಾ ಕೋಲ್ಮನ್ ಸ್ಮಿತ್ ಹೆಸರು ಮಾತ್ರ ಎಲ್ಲೂ ಇಲ್ಲ! ಕಾರ್ಡಿನ ಮೂಲೆಯಲ್ಲಿ ಹುಳ ಹರಿದಾಡಿದ ಹಾಗೆ ಅವಳ ಸಹಿ ಇದೆ, ಅಷ್ಟೇ. ಈಚೆಗೆ ಕೆಲವರು ಅವಳ ಹೆಸರನ್ನೂ ಸೇರಿಸಿ ಕರೀತಾರೆ. ಪುಣ್ಯ.

ಅವಳು ಬರೆದ ಕೆಟ್ಟ ಕಾರ್ಡುಗಳೇ ನನಗೆ ಜಾಸ್ತಿ ಇಷ್ಟ. ಹತ್ತು ಕತ್ತಿಯ ಕಾರ್ಡು ನೋಡಿ. ಒಬ್ಬ ಬೋರಲು ಬಿದ್ದಿದ್ದಾನೆ, ಬೆನ್ನಿಗೆ ಸಾಲಾಗಿ ಹತ್ತು ಕತ್ತಿ. ಒಂದು ಸಾಲದಾ, ಹತ್ತು ಯಾಕೆ ಅಂತ ನಗು ಕೂಡ ಬರುತ್ತೆ. ಮೇಲೆ ಕಪ್ಪು ಆಕಾಶ. ಆದರೆ ಕೆಳಗಡೆ, ನೀರಿನಾಚೆ, ಹಳದಿ ಬೆಳಕು ಹರಿದಿದೆ. ಐದು ಬಟ್ಟಲಿನ ಕಾರ್ಡಿನಲ್ಲಿ ಕಪ್ಪು ಹೊದ್ದವನು ಚೆಲ್ಲಿಹೋದ ಮೂರು ಬಟ್ಟಲನ್ನೇ ನೋಡ್ತಾ ನಿಂತಿದ್ದಾನೆ. ಹಿಂದೆ ಎರಡು ನೆಟ್ಟಗೆ ನಿಂತಿವೆ. ಡೆವಿಲ್ ಕಾರ್ಡಿನಲ್ಲಿ ಗಂಡು ಹೆಣ್ಣಿನ ಕೊರಳಿಗೆ ಸರಪಳಿ ಇದೆ, ಆದರೆ ತಲೆ ಮೇಲಿಂದ ತೆಗೆದು ಹಾಕುವಷ್ಟು ಸಡಿಲ. ಒಂಬತ್ತು ಕತ್ತಿಯಲ್ಲಿ ನಡುರಾತ್ರಿ ಎದ್ದು ಮುಖ ಮುಚ್ಚಿಕೊಂಡು ಕೂತವಳ ಕೌದಿ ಮೇಲೆ ಗುಲಾಬಿ ಹೂ.

ಗಮನಿಸಿದ್ರಾ? ಪ್ರತಿ ಕೆಟ್ಟ ಕಾರ್ಡಿನಲ್ಲೂ ಎಲ್ಲೋ ಒಂದು ಕಿಂಡಿ. ನಾನು ಆ ಕಿಂಡಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಕಾರ್ಡು ಬಿದ್ದ ಕೂಡಲೇ, ಎದುರಿಗೆ ಕೂತವರ ಮುಖ ಸಣ್ಣಗಾಗೋಕೆ ಮೊದಲೇ, ಕಿಂಡಿ ತೋರಿಸಿಬಿಡ್ತಿದ್ದೆ. ನೋಡಿ ಇಲ್ಲಿ ಸೂರ್ಯ ಹುಟ್ತಾ ಇದಾನೆ, ನೋಡಿ ಇಲ್ಲಿ ಎರಡು ಬಟ್ಟಲು ಉಳಿದಿವೆ... ಎಲ್ಲರೂ ಖುಷಿಯಾಗಿ ಎದ್ದು ಹೋಗ್ತಿದ್ರು. ನಾನೂ ಖುಷಿಯಾಗಿರ್ತಿದ್ದೆ.

ಒಂದು ಸಲ ಇನ್ನೂ ಮುಂದೆ ಹೋಗಿದ್ದೆ. ಆಫೀಸಿನ ಫ್ಯಾಮಿಲಿ ಡೇ. ಮೆಹಂದಿ ಹಾಕುವವಳ ಪಕ್ಕದಲ್ಲಿ ನನಗೂ ಒಂದು ಟೇಬಲ್ ಕೊಟ್ಟಿದ್ರು. ಮಕ್ಕಳು ಮರಿ ಎಲ್ಲ ಬರ್ತಾವೆ, ಯಾಕೆ ಬೇಕು ಅಂತ ಡೆತ್, ಡೆವಿಲ್, ಟವರ್, ಹತ್ತು ಕತ್ತಿ, ನಾಲ್ಕನ್ನೂ ತೆಗೆದು ಪರ್ಸಿನಲ್ಲಿಟ್ಟುಕೊಂಡೆ. ಮೊದಲನೇ ಗಿರಾಕಿ ನಮ್ಮ ಮ್ಯಾನೇಜರ್ ಹೆಂಡತಿ. ಬಂತು ನೋಡಿ, ಮೂರು ಕತ್ತಿ! ಕೆಂಪು ಹೃದಯಕ್ಕೆ ಮೂರು ಕತ್ತಿ ಚುಚ್ಚಿ ಹಿಂದೆ ಮಳೆ ಸುರೀತಿರೋ ಕಾರ್ಡು. ಮ್ಯಾನೇಜರ್ ಹಿಂದೇನೇ ನಿಂತಿದ್ರು :-)

ಆಮೇಲೆ ಓದಿದ್ದು. ಉಳಿದುಕೊಂಡಿರುವ ಅತಿ ಹಳೆಯ ಡೆಕ್‌ಗಳಲ್ಲಿ ಒಂದಾದ ವಿಸ್ಕೊಂತಿ ಸ್ಫೋರ್ಜಾದಲ್ಲೂ ಈಗಿರುವುದು 74 ಕಾರ್ಡಂತೆ. ಇಲ್ಲದ ನಾಲ್ಕರಲ್ಲಿ ಡೆವಿಲ್, ಟವರ್, ಮೂರು ಕತ್ತಿ ಸೇರಿವೆ. ಕಳೆದುಹೋದವೋ, ಮೊದಲಿಂದ ಇರಲೇ ಇಲ್ಲವೋ ಅಂತ ಚರ್ಚೆ ಇದೆ. ನನಗಂತೂ ಯಾರೋ ನನ್ನಂಥವಳು ಪರ್ಸಿಗೆ ಹಾಕಿಕೊಂಡಿರಬೇಕು ಅನಿಸಿತು. ಫ್ರಾನ್ಸಿನ ಹಳೇ ಮಾರ್ಸೇ ಡೆಕ್‌ಗಳಲ್ಲಿ 13ನೇ ಕಾರ್ಡಿಗೆ ಎಷ್ಟೋ ಸಲ ಹೆಸರೇ ಇರುತ್ತಿರಲಿಲ್ಲ, ಬರೀ ನಂಬರು. ನಮ್ಮಜ್ಜಿ ಕತ್ತಲಾದ ಮೇಲೆ ಹಾವು ಅನ್ನೋಕೆ ಬಿಡ್ತಿರಲಿಲ್ಲ, 'ಹುಳ' ಅನ್ನಬೇಕಿತ್ತು. ಅದೇ ಥರ.

ಅಜ್ಜಿ ಅಂದಕೂಡಲೇ ಇನ್ನೊಂದು ನೆನಪಾಯ್ತು. ಊರ ದೇವಸ್ಥಾನದಲ್ಲಿ ಹೂ ಪ್ರಸಾದ ಕೇಳೋದಿತ್ತು. ದೇವರ ಬಲಗಡೆಯಿಂದ ಹೂ ಬಿದ್ದರೆ ಆಗುತ್ತೆ, ಎಡಗಡೆ ಬಿದ್ದರೆ ಇಲ್ಲ. ಎಡಗಡೆ ಬಿದ್ದಾಗ ಭಟ್ಟರು ಅಜ್ಜಿ ಮುಖ ನೋಡಿ, "ಗಾಳಿ ಬೀಸ್ತು ಅಮ್ಮಾ, ಇನ್ನೊಂದ್ಸಲ ಕೇಳೋಣ" ಅಂತಿದ್ರು. ಗರ್ಭಗುಡಿಗೆ ಎಲ್ಲಿಂದ ಗಾಳಿ!

ಈಗ ಚಿಕ್ಕಮ್ಮನ ವಿಷಯ. ಇದನ್ನು ಹೇಳೋಕೇ ಕೂತವಳು ಇಷ್ಟೊತ್ತು ಸುತ್ತು ಹೊಡೆದೆ.

2013ರ ಮಳೆಗಾಲ. ಚಿಕ್ಕಮ್ಮನ ಮನೆ ತೀರ್ಥಹಳ್ಳಿ ಹತ್ತಿರ. ಚಿಕ್ಕಪ್ಪನಿಗೆ ಎರಡೂ ಕಿಡ್ನಿ ಹೋಗಿ, ಡಯಾಲಿಸಿಸ್‌ಗೆ ಅಂತ ವಾರಕ್ಕೆ ಮೂರು ದಿನ ಶಿವಮೊಗ್ಗಕ್ಕೆ ಕರೆದುಕೊಂಡು ಹೋಗಬೇಕಿತ್ತು. ಬೆಳಿಗ್ಗೆ ಐದಕ್ಕೆ ಹೊರಟರೆ ಸಂಜೆಗೆ ವಾಪಸ್ಸು. ನಾನು ಎರಡು ದಿನ ಇದ್ದು ಬರೋಣ ಅಂತ ಹೋಗಿದ್ದೆ. ಮಧ್ಯಾಹ್ನ ಚಿಕ್ಕಪ್ಪ ಮಲಗಿದ್ರು. ನನ್ನ ಬ್ಯಾಗಿನಿಂದ ಚಾರ್ಜರ್ ತೆಗೆಯುವಾಗ ಡೆಕ್ ಹೊರಗೆ ಬಿತ್ತು.

"ಏನೇ ಇದು, ಇಸ್ಪೀಟಾ? ದೀಪಾವಳಿಗೆ ಇನ್ನೂ ಎರಡು ತಿಂಗಳಿದೆ ಮಾರಾಯ್ತಿ" ಅಂದಳು ಚಿಕ್ಕಮ್ಮ.

ವಿವರಿಸಿದೆ. ನಕ್ಕಳು. ಅಕ್ಕಿ ಆರಿಸುತ್ತಿದ್ದ ಮೊರ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ನಂಗೂ ಒಂದು ತೆಗಿ ನೋಡಾಣ" ಅಂದಳು. ಏನು ಕೇಳ್ಕೊಂಡೆ ಅಂದ್ರೆ ಹೇಳಲಿಲ್ಲ. ಅವಳ ಕೈಯಲ್ಲೇ ಒಂದು ತೆಗೆಸಿದೆ.

ಡೆತ್.

ಆ ಕಾರ್ಡು ನೀವು ನೋಡಿರಬಹುದು. ಬಿಳಿ ಕುದುರೆ ಮೇಲೆ ಕಪ್ಪು ಕವಚ ತೊಟ್ಟ ಅಸ್ಥಿಪಂಜರ. ಕೈಯಲ್ಲಿ ಕಪ್ಪು ಬಾವುಟ, ಅದರಲ್ಲಿ ಬಿಳಿ ಗುಲಾಬಿ. ಕುದುರೆ ಕಾಲಡಿ ಒಬ್ಬ ರಾಜ ಸತ್ತು ಬಿದ್ದಿದ್ದಾನೆ, ಕಿರೀಟ ಉರುಳಿದೆ. ಚಿನ್ನದ ಬಣ್ಣದ ನಿಲುವಂಗಿಯ ಪಾದ್ರಿ ಕೈ ಜೋಡಿಸಿ ಬೇಡಿಕೊಳ್ತಾ ನಿಂತಿದ್ದಾನೆ. ಒಬ್ಬ ಹುಡುಗಿ ಮಂಡಿಯೂರಿ ಮುಖ ಆಚೆ ತಿರುಗಿಸಿದ್ದಾಳೆ. ಪಕ್ಕದಲ್ಲಿ ಒಂದು ಮಗು. ದೂರದಲ್ಲಿ ಎರಡು ಗೋಪುರದ ನಡುವೆ ಸೂರ್ಯ.

ಚಿಕ್ಕಮ್ಮ ಚಿತ್ರ ನೋಡ್ತಾ ಇದ್ದಳು. ಏನೋ ಹೇಳೋಕೆ ಬಾಯಿ ತೆರೆದಳು ಕೂಡ. ಅಷ್ಟರಲ್ಲಿ ನಾನು ಶುರು ಮಾಡಿಬಿಟ್ಟೆ. "ಹೆದರಬೇಡ ಚಿಕ್ಕಮ್ಮಾ, ಇದು ಸಾವಲ್ಲ. ಎಲ್ಲರೂ ತಪ್ಪು ತಿಳ್ಕೋತಾರೆ. ಇದು ಬದಲಾವಣೆ ಅಷ್ಟೇ. ನೋಡಿಲ್ಲಿ, ಸೂರ್ಯ ಹುಟ್ತಾ ಇದಾನೆ. ಒಳ್ಳೇದೇ ಆಗುತ್ತೆ." ಒಂದೇ ಉಸಿರಿಗೆ ಹೇಳಿ ಕಾರ್ಡನ್ನು ಡೆಕ್ ಒಳಗೆ ತೂರಿಸಿದೆ. ಅವಳು "ಹೌದಾ" ಅಂದಳು. ಮತ್ತೆ ಮೊರ ಎಳೆದುಕೊಂಡಳು.

ನವೆಂಬರಿನಲ್ಲಿ ಚಿಕ್ಕಪ್ಪ ಹೋದರು. ಅಮೆರಿಕದಲ್ಲಿದ್ದ ಮಗ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎರಡು ದಿನ ತಡ.

ಕಾರ್ಡು ನಿಜ ಹೇಳಿತ್ತು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಓದಬೇಡಿ. ಚಿಕ್ಕಪ್ಪನ ಸ್ಥಿತಿ ಹೇಳೋಕೆ ಕಾರ್ಡು ಬೇಕಿರಲಿಲ್ಲ, ಡಾಕ್ಟರ ಮುಖ ಸಾಕಿತ್ತು. 78ರಲ್ಲಿ ಒಂದು ಬಂತು, ಅದು ಅದಾಗಿತ್ತು. ಬೇರೆ ಯಾವುದು ಬಂದಿದ್ದರೂ ಅವಳು ಅದರಲ್ಲಿ ತನ್ನ ಪ್ರಶ್ನೆಯನ್ನೇ ನೋಡ್ತಿದ್ದಳು. 1948ರಲ್ಲಿ ಫೋರರ್ ಅನ್ನೋ ಅಮೆರಿಕದ ಮನಶ್ಶಾಸ್ತ್ರದ ಮೇಷ್ಟ್ರು ತನ್ನ 39 ವಿದ್ಯಾರ್ಥಿಗಳಿಗೆ, ಇದು ನಿನ್ನೊಬ್ಬನ ಸ್ವಭಾವದ ವರದಿ ಅಂತ ಎಲ್ಲರಿಗೂ ಒಂದೇ ಬರಹ ಕೊಟ್ಟಿದ್ದ. ಎಷ್ಟು ಸರಿಯಾಗಿದೆ ಅಂದರೆ ಐದಕ್ಕೆ ಸರಾಸರಿ ನಾಲ್ಕಕ್ಕೂ ಹೆಚ್ಚು ಅಂಕ ಕೊಟ್ಟಿದ್ರು ಹುಡುಗರು. ನಾವು ಕಾರ್ಡು ಓದುವವರು ಬದುಕಿರೋದೇ ಇದರ ಮೇಲೆ. ಆದ್ದರಿಂದಲೇ ಬಾಯಿಗೆ ಜವಾಬ್ದಾರಿ ಜಾಸ್ತಿ.

ಎರಡು ವರ್ಷದ ನಂತರ ಮದುವೆಯೊಂದಕ್ಕೆ ಹೋದಾಗ ರಾತ್ರಿ ಚಿಕ್ಕಮ್ಮನೂ ನಾನೂ ಒಂದೇ ಚಾಪೆಯಲ್ಲಿ ಮಲಗಿದ್ವಿ. ಕತ್ತಲಲ್ಲಿ ಅವಳೇ ಮಾತು ತೆಗೆದಳು.

"ಅವತ್ತು ನಾನು ಏನು ಕೇಳ್ಕೊಂಡಿದ್ದೆ ಗೊತ್ತೇನೇ? ಮಗನ್ನ ಕರೆಸ್ಲಾ ಬೇಡ್ವಾ ಅಂತ."

ನನಗೆ ಮಾತು ಹೊರಡಲಿಲ್ಲ.

"ಮನೇಲಿ ಎಲ್ರೂ ಏನೂ ಆಗಲ್ಲ ಏನೂ ಆಗಲ್ಲ ಅಂತಿದ್ರು. ಒಬ್ರಾದ್ರೂ ಹೌದು, ಕಷ್ಟ ಇದೆ ಅಂತ ನನ್ನ ಹತ್ರ ಕೂತು ಹೇಳಿರ್ಲಿಲ್ಲ. ಆ ಚಿತ್ರ ನೋಡಿ ನಂಗೆ ಹೆದರಿಕೆ ಆಗ್ಲಿಲ್ಲ ಕಣೇ. ಸದ್ಯ, ಇದಾದ್ರೂ ಹೇಳ್ತಲ್ಲ ಅನಿಸ್ತು. ನಿನ್ನ ಹತ್ರ ಎಲ್ಲ ಹೇಳ್ಕೊಳಾಣ ಅಂದ್ಕೊಂಡೆ. ನೀನು ಸೂರ್ಯನ್ನ ತೋರ್ಸಿದೆ."

"ಚಿಕ್ಕಮ್ಮಾ, ನನ್ನ ಮಾತು ಕೇಳಿ ಅವನನ್ನ ಕರೆಸ್ಲಿಲ್ವಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಿನ್ನ ಮಾತಿಗೇ ಅಂತಲ್ಲ. ಕರೆಸದೇ ಇರಕ್ಕೆ ನಂಗೂ ಒಂದು ನೆಪ ಬೇಕಾಗಿತ್ತು" ಅಂದಳು. ಹೊದಿಕೆ ಎಳೆದುಕೊಂಡು ಆ ಕಡೆ ತಿರುಗಿದಳು.

ಬೈದಿದ್ದರೆ ಚೆನ್ನಾಗಿತ್ತು.

ಹೆದರಿಸಿ ದುಡ್ಡು ಕೀಳುವವರನ್ನು ಕಂಡರೆ ನನಗೆ ಮೊದಲಿಂದಲೂ ಆಗ್ತಿರಲಿಲ್ಲ. ನನ್ನ ಗೆಳತಿಯ ನಾದಿನಿಗೆ ಒಬ್ಬಾಕೆ ಟವರ್ ಕಾರ್ಡು ತೋರಿಸಿ, ನಿನ್ನ ಸಂಸಾರ ಮುರಿಯುತ್ತೆ ಅಂತ ಹೇಳಿ, ಪರಿಹಾರಕ್ಕೆ ಅಂತ ಕಲ್ಲಿನ ಬಳೆ ಮಾರಿದ್ದಳು, ಸಾವಿರಗಟ್ಟಲೆ ಕೊಟ್ಟು. ನಾನು ಅಂಥವಳಲ್ಲ ಅಂತ ಬೀಗ್ತಿದ್ದೆ. ಒಂದು ರೂಪಾಯಿ ತಗೊಳ್ಳದೆ, ಎಲ್ಲರನ್ನೂ ನಗಿಸಿ ಕಳಿಸುವವಳು ಅಂತ. ಹೆದರಿದ್ದು ನಾನು. ಅಳುವವರ ಎದುರು ಕೂರೋಕೆ ನನಗೆ ಬರ್ತಿರಲಿಲ್ಲ. ಅದಕ್ಕೆ ಅಷ್ಟು ಅವಸರ.

ಆಮೇಲೆ ಆರು ತಿಂಗಳು ಡೆಕ್ ಮುಟ್ಟಲಿಲ್ಲ. ಮುಟ್ಟಿದ ಮೇಲೂ ಕೆಲವು ಪ್ರಶ್ನೆಗೆ ಕಾರ್ಡು ಹಾಕೋದು ಬಿಟ್ಟೆ. ಬಯಾಪ್ಸಿ ರಿಪೋರ್ಟು ಏನು ಬರುತ್ತೆ, ಅವರು ಉಳೀತಾರಾ ಅಂತ ಕೇಳಿದರೆ ಡೆಕ್ ತೆಗೆಯಲ್ಲ. ಬೇಕಾದರೆ ಡಾಕ್ಟರ ಹತ್ತಿರ ಏನೇನು ಕೇಳಬೇಕು ಅಂತ ಕೂತು ಚೀಟಿ ಬರೆದುಕೊಡ್ತೀನಿ. ಎರಡನೇ ಸಲ ಕಾರ್ಡು ತೆಗೆಸೋದಿಲ್ಲ, ಗಾಳಿ ಬೀಸಿತು ಅನ್ನೋದಿಲ್ಲ. ಎಲ್ಲಿ ಬಿದ್ದಿದೆ ಅನ್ನೋದನ್ನೂ ನೋಡ್ತೀನಿ. ವೇಟ್ ಹೇಳಿಕೊಟ್ಟ ಹತ್ತು ಕಾರ್ಡಿನ ಕ್ರಮದಲ್ಲಿ ಒಂಬತ್ತನೇ ಜಾಗ ಆಸೆ ಮತ್ತು ಭಯ ಎರಡಕ್ಕೂ ಸೇರಿದ್ದು. ಅಲ್ಲಿ ಟವರ್ ಬಂದರೆ, ಮನೆ ಕುಸಿಯಲಿ ಅಂತ ಆಸೆಪಟ್ಟವರನ್ನೂ ಕಂಡಿದ್ದೀನಿ. ಕೂಡು ಕುಟುಂಬದ ಸೊಸೆಯೊಬ್ಬಳು ಆ ಚಿತ್ರ ನೋಡಿ ಜೋರಾಗಿ ನಕ್ಕಿದ್ದಳು. ಪುಸ್ತಕದ ಅರ್ಥ ಹೇಳಿದ್ದಿದ್ದರೆ ಆ ನಗು ಕೇಳಿಸ್ತಿರಲಿಲ್ಲ.

ಬೆಳಿಗ್ಗೆ ಆ ಹುಡುಗಿಗೆ ಫೋನ್ ಮಾಡಿದೆ.

"ಡೆತ್ ಬಂದ್ರೆ ಮೊದಲು ನೀನು ಸುಮ್ನಿರು. ಇದರಲ್ಲಿ ಏನು ಕಾಣಿಸ್ತಾ ಇದೆ ಅಂತ ಅವಳನ್ನೇ ಕೇಳು."

"ಅವ್ಳು ಅತ್ತುಬಿಟ್ರೆ?"

"ಅಳ್ಲಿ. ನೀರು ತಂದಿಟ್ಕೊಂಡಿರು."

"ಅಷ್ಟೇನಾ ಅಕ್ಕಾ? ಪುಸ್ತಕದಲ್ಲಿ ಎರಡು ಪುಟ ಇದೆ..."

ಹೋದ ಬೇಸಿಗೆಯಲ್ಲಿ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಮಗ ತೋಟ ಮಾರಿ ತನ್ನ ಜೊತೆ ಬಂದುಬಿಡು ಅಂತಿದ್ದಾನೆ. ಸಂಜೆ ಕಾಫಿ ಹೊತ್ತಿಗೆ ಅವಳೇ, "ತಂದಿದ್ದೀಯೇನೇ ನಿನ್ನ ಇಸ್ಪೀಟು?" ಅಂದಳು. ಕೈ ನಡುಗಿತು ನನಗೆ. ತೆಗೆದಳು. ಟವರ್. ಸಿಡಿಲು ಬಡಿದು ಗೋಪುರದ ತಲೆ ಹಾರಿಹೋಗಿದೆ, ಇಬ್ಬರು ತಲೆಕೆಳಗಾಗಿ ಬೀಳ್ತಾ ಇದ್ದಾರೆ. ನಾನು ತುಟಿ ಕಚ್ಚಿಕೊಂಡು ಕೂತೆ.

ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದು ನೋಡಿದಳು. "ಹೆಂಚು ಬದಲಾಯಿಸು ಅಂತ ಅವರು ಸಾಯೋವರೆಗೂ ಹೇಳ್ತಿದ್ರು. ನಾನೇ ಈ ವರ್ಷ ಮುಂದಿನ ವರ್ಷ ಅಂತ ಮುಂದೆ ಹಾಕಿದೆ" ಅಂದಳು. ಆಮೇಲೆ ಚಿಕ್ಕಪ್ಪ ಆ ಮನೆ ಕಟ್ಟಿಸಿದ್ದು, ಜಂತಿಗೆ ಮರ ತಂದಿದ್ದು, ಕೊನೇ ರಾತ್ರಿ ಅವರು ನೀರು ಕೇಳಿದ್ದು, ಡಾಕ್ಟರು ಹೇಳಿದ ಅಳತೆ ಮೀರಬಾರದು ಅಂತ ಇವಳು ಎರಡೇ ಚಮಚ ಕೊಟ್ಟಿದ್ದು. ಕತ್ತಲಾಗುವವರೆಗೂ ಹೇಳಿದಳು. ನನ್ನ ಲೋಟದ ಕಾಫಿ ಕೆನೆಗಟ್ಟಿತ್ತು. ತೋಟದ ವಿಷಯ ಅವತ್ತು ಬರಲೇ ಇಲ್ಲ.