ಗುಂಡಿನ ಅಚ್ಚು

ತೋಟಕ್ಕೆ ಔಷಧಿ ಹೊಡೆದಾದ ಮೇಲೆ, ಮಳೆ ಹೊಳವಾಗುವವರೆಗೆ ಮಲೆನಾಡಿನ ಗಂಡಸರಿಗೆ ಹೇಳಿಕೊಳ್ಳುವಂಥ ಕೆಲಸವಿರುತ್ತಿರಲಿಲ್ಲ. ಕೆಲವರು ಇಸ್ಪೀಟಿಗೆ ಕೂರುತ್ತಿದ್ದರು, ಕೆಲವರು ಕತ್ತಿಗೆ ಹಿಡಿ ಕೆತ್ತುತ್ತಿದ್ದರು. ನಮ್ಮ ಚಿಕ್ಕಪ್ಪ ಬಚ್ಚಲೊಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಸೀಸ ಕರಗಿಸಿ ಗುಂಡು ಎರೆಯುತ್ತಿದ್ದರು.

ಮನೆಯಲ್ಲಿದ್ದದ್ದು ಬೆಳೆ ರಕ್ಷಣೆಯ ಲೈಸೆನ್ಸಿನ ಕೇಪಿನ ಕೋವಿ. ನಳಿಗೆಯ ಬಾಯಿಂದಲೇ ಮಸಿ (ಸಿಡಿಮದ್ದು), ನಾರು, ಗುಂಡು ಒಂದರ ಮೇಲೊಂದು ಹಾಕಿ ಗಜದಿಂದ ಜಡಿಯಬೇಕು. ತೋಟಾ ಕೋವಿಯವರಿಗಾದರೆ ಅಂಗಡಿಯಲ್ಲಿ ತೋಟಾ ಸಿಗುತ್ತದೆ. ಇದರ ನಳಿಗೆಗೆ ಹೊಂದುವ ಗುಂಡನ್ನು ನಾವೇ ಮಾಡಿಕೊಳ್ಳಬೇಕಿತ್ತು. ಮಾಡಿಕೊಂಡು ಮಾಡುವುದೇನು ಎಂಬುದು ಬೇರೆ ಪ್ರಶ್ನೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಶಿಕಾರಿ ಮೊದಲು ಗುಟ್ಟಾಯಿತು, ಆಮೇಲೆ ನಿಂತೇಹೋಯಿತು. ನಾನು ಕಣ್ಣು ಬಿಡುವ ಹೊತ್ತಿಗೆ ಚಿಕ್ಕಪ್ಪನ ಕೋವಿ ಮಂಗ ಓಡಿಸಲಷ್ಟೇ ಹೊರಬರುತ್ತಿತ್ತು. ಅದಕ್ಕೆ ಬರೀ ಮಸಿ ಸಾಕು, ಗುಂಡು ಬೇಕಿಲ್ಲ. ಆದರೂ ಪ್ರತಿ ಆಷಾಢಕ್ಕೆ ಎರಕ ತಪ್ಪಲಿಲ್ಲ. ಬಿಸ್ಕತ್ತಿನ ಡಬ್ಬಿಗಳು ತುಂಬುತ್ತಾ ಹೋದವು.

ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ಹಲಸಿನ ಕಟ್ಟಿಗೆಯ ಕೆಂಡಕ್ಕೆ ಅದೇನೂ ದೊಡ್ಡದಲ್ಲ. ಕಬ್ಬಿಣದ ಸೌಟಿನಲ್ಲಿ ಸೀಸ ಮೊದಲು ಮಂಕಾಗಿ ಕುಸಿಯುತ್ತದೆ, ಮೇಲೆ ಬೂದುಬಣ್ಣದ ಕೆನೆ ಕಟ್ಟುತ್ತದೆ. ಚಿಕ್ಕಪ್ಪ ಜೇನುಮೇಣದ ಚೂರು ಹಾಕಿ ಕಲಕುತ್ತಿದ್ದರು. ಭಗ್ಗನೆ ಉರಿದು, ಹೊಗೆಯೆದ್ದು, ಕಸವೆಲ್ಲ ಮೇಲೆ ಬಂದ ಮೇಲೆ ಅದನ್ನು ಬಳಿದು ತೆಗೆದರೆ ಒಳಗೆ ಕನ್ನಡಿ. ಇಕ್ಕಳದ ಹಾಗಿದ್ದ ಅಚ್ಚಿನ ಎರಡು ಹೋಳಿಗೂ ಚಿಮಣಿ ದೀಪದ ಮಸಿ ಹಿಡಿಸಿ, ಬಿಸಿ ಮಾಡಿ ಎರೆಯುತ್ತಿದ್ದರು. ಅಚ್ಚು ತಣ್ಣಗಿದ್ದರೆ ಗುಂಡಿನ ಮೈ ಸುಕ್ಕು. ಸುಕ್ಕಾದದ್ದು ಮತ್ತೆ ಸೌಟಿಗೆ. ಸರಿಯಾಗಿ ಬಂದದ್ದರ ಬಾಲ ಕತ್ತರಿಸಿ ಅಂಗೈಯಲ್ಲಿ ಉರುಳಿಸಿ ನೋಡಿ, ಯಾರೂ ಕೇಳದಿದ್ದರೂ "ಹ್ಞಾಂ" ಅನ್ನುತ್ತಿದ್ದರು.

ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. ಸೋರುವ ಮಾಡಿನಿಂದ ಒಂದು ಹನಿ ಕಾದ ಸೀಸಕ್ಕೆ ಬಿದ್ದರೆ ನೀರು ಆವಿಯಾಗಿ ಸಿಡಿದು ಸೀಸವನ್ನು ಮುಖಕ್ಕೇ ಎರಚುತ್ತದೆ. ಸೀಸದ ಧೂಳು ಮಕ್ಕಳ ಮೆದುಳಿಗೆ ವಿಷವೆಂಬುದು ಆಗ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಜ್ಜಿಯ ತಕರಾರೇ ಬೇರೆ: "ಸ್ನಾನದ ನೀರು ಕಾಯೋ ಒಲೆ ಕಣೋ ಅದು, ನಿನ್ನ ಕುಲುಮೆ ಅಲ್ಲ!" ಸೀಸಕ್ಕಾಗಿ ಮನೆಯವರನ್ನು ಗೋಳಾಡಿಸಿದವರಲ್ಲಿ ಚಿಕ್ಕಪ್ಪನೇ ಮೊದಲಿಗರಲ್ಲ. 1782ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ವಿಲಿಯಂ ವಾಟ್ಸ್ ಎಂಬಾತ, ಕರಗಿದ ಸೀಸವನ್ನು ಜರಡಿಯ ಮೂಲಕ ಎತ್ತರದಿಂದ ನೀರಿಗೆ ಬೀಳಿಸಿ ದುಂಡು ಚರೆ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಆ ಎತ್ತರಕ್ಕಾಗಿ ತನ್ನ ಮನೆಯ ಮೇಲೆಯೇ ಗೋಪುರ ಕಟ್ಟಿಸಿದ್ದ, ನೆಲವನ್ನೂ ತೋಡಿಸಿದ್ದ. ಅವನ ಮನೆಯ ಹೆಂಗಸರೊಡನೆ ನಮ್ಮಜ್ಜಿಗೆ ಮಾತಾಡಲು ಬೇಕಾದಷ್ಟಿತ್ತು.

ಆಫ್‌ಸೆಟ್ ಬಂದು ಪೇಟೆಯ ಹಳೆಯ ಪ್ರೆಸ್ಸು ಮುಚ್ಚಿದಾಗ ಚಿಕ್ಕಪ್ಪ ಒಂದು ಚೀಲ ಕನ್ನಡ ಅಚ್ಚುಮೊಳೆ ತೂಕಕ್ಕೆ ಕೊಂಡು ತಂದರು. ಕಕಾರ, ಒತ್ತು, ದೀರ್ಘ ಎಲ್ಲವೂ ಸೌಟಿನಲ್ಲಿ ಒಂದೇ ಆದವು. ಗುಂಡುಗಳು ಹೊಳೆಯುತ್ತಾ ಬಹಳ ಚೆನ್ನಾಗಿಯೇ ಬಂದವು. ಆದರೆ ಮೊಳೆಯಲ್ಲಿ ಆಂಟಿಮನಿ, ತವರ ಬೆರೆತಿರುವುದರಿಂದ ಗಡುಸು. ಗಜದಿಂದ ಎಷ್ಟು ಜಡಿದರೂ ನಳಿಗೆಯೊಳಗೆ ಇಳಿಯಲು ಒಪ್ಪಲಿಲ್ಲ. ಉಳಿದ ಚೀಲ ಅಟ್ಟ ಸೇರಿತು. ಅಕ್ಷರದ ಮೇಲಿನ ಮಮತೆಯಿಂದಲ್ಲ. "ಮೆತ್ತಗಿನ ಸೀಸವೇ ಸೀಸ," ಎಂದು ಚಿಕ್ಕಪ್ಪ ಗುಜರಿಯವನ ಬಳಿಗೇ ವಾಪಸಾದರು.

ಕೊಡಗಿನಲ್ಲಿ ಕೋವಿಗೆ ಇನ್ನೂ ಮನೆಯಲ್ಲಿ ಜಾಗವಿದೆ. ಗಂಡು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು. ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್ ದಿನ ನಳಿಗೆಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ನಮ್ಮ ಕಡೆಯ ಕೋವಿಗೆ ಹಬ್ಬವಿಲ್ಲ, ಚುನಾವಣೆ ಮಾತ್ರ. ಪ್ರತಿ ಸಲವೂ ಠಾಣೆಯಲ್ಲಿ ಒಪ್ಪಿಸಿ, ತುಕ್ಕು ಹಿಡಿದದ್ದನ್ನು ಮನೆಗೆ ತಂದು ಎಣ್ಣೆ ಹಚ್ಚಬೇಕು. ಚಿಕ್ಕಪ್ಪನಿಗೆ ಮತದಾನದ ಬಗ್ಗೆ ಇದ್ದ ಅಸಮಾಧಾನಕ್ಕೆ ರಾಜಕೀಯ ಕಾರಣವೇನೂ ಇರಲಿಲ್ಲ.

ಅವರು ಹೋದ ಮೇಲೆ ಕೋವಿಗೆ ವಾರಸುದಾರರ ಅರ್ಜಿ, ಅಫಿಡವಿಟ್ಟು, ವಿಚಾರಣೆ ಎಲ್ಲ ನಡೆಯಿತು. ಬೆಂಗಳೂರಿನ ಮಗನಿಗೆ ಅದು ಬೇಡವಾಗಿ ಕೋವಿ ಡೀಲರನ ಅಂಗಡಿ ಸೇರಿತು. ಅಚ್ಚಿನ ಹೆಸರು ಲೈಸೆನ್ಸಿನಲ್ಲಿರಲಿಲ್ಲವಲ್ಲ, ಹಾಗಾಗಿ ಅದನ್ನು ಯಾರೂ ಕೇಳಲಿಲ್ಲ. ಬಚ್ಚಲಿಗೆ ಈಗ ಸೋಲಾರ್ ನೀರು ಬರುತ್ತದೆ. ಮಳೆಗಾಲದಲ್ಲಿ ಊರಿಗೆ ಹೋದರೆ ಒಲೆಯ ಮುಂದೆ ಕೂರುವ ನೆಪವೇ ಇಲ್ಲ. ಎಲ್ಲರೂ ಒಂದೊಂದು ಕೋಣೆಯಲ್ಲಿ ಒಂದೊಂದು ಮೊಬೈಲು ಹಿಡಿದಿರುತ್ತೇವೆ.

ಡಬ್ಬಿಗಳನ್ನು ಚಿಕ್ಕಮ್ಮ ಹೊಳೆಯಲ್ಲಿ ಬಲೆ ಬೀಸುವವನೊಬ್ಬನಿಗೆ ಕೊಟ್ಟುಬಿಟ್ಟರು. ಹೋದ ವರ್ಷ ನಾನು ಅಲ್ಲಿದ್ದಾಗ ಆತ ಮತ್ತೆ ಬಂದ. "ಭಾರಿ ಮೆತ್ತಗಿನ ಸೀಸ ಅಮ್ಮ. ಒಂದೇ ಏಟಿಗೆ ಹಗ್ಗಕ್ಕೆ ಸುತ್ತಿಕೊಳ್ತದೆ. ಪೇಟೆಯದ್ದು ಬಿರುಕು ಬಿಡ್ತದೆ. ಇನ್ನೂ ಸ್ವಲ್ಪ ಎರೆದು ಕೊಡ್ತಾರಾ ಅಯ್ಯ?"

ಆತನಿಗೆ ಸುದ್ದಿಯೇ ಮುಟ್ಟಿರಲಿಲ್ಲ. ಚಿಕ್ಕಮ್ಮ, "ಕೂತ್ಕೋ, ಕಾಫಿ ತರ್ತೀನಿ," ಎಂದು ಒಳಗೆ ಹೋದರು. ಹೇಳುವ ಕೆಲಸ ನನ್ನ ಪಾಲಿಗೆ ಬಂತು.