ಬೆಂಕಿಯಿಡುವ ಬಟ್ಟಲಿನ ಬೆಲೆ

ಮನುಷ್ಯನು ಬೆಲೆ ತೆತ್ತು ಕೊಳ್ಳುವ ಭೋಗವಸ್ತುಗಳನ್ನೆಲ್ಲ ಬೆಂಕಿಯಿಂದ ದೂರವಿಟ್ಟು ಕಾಪಾಡಿಕೊಳ್ಳುವುದು ಲೋಕರೂಢಿ. ಒಂದು ವಸ್ತುವನ್ನು ಮಾತ್ರ ಅವನು ಸವರನ್ನಿನ ಬೆಲೆ ಕೊಟ್ಟು ಮನೆಗೆ ತಂದು, ದೀಪದ ಬಳಿ ಹಿಡಿದು ಹಿಂದುಮುಂದು ತಿರುಗಿಸಿ ನೋಡಿ ಹಿಗ್ಗಿ, ಆಮೇಲೆ ತಾನಾಗಿಯೇ ಅದರ ಹೊಟ್ಟೆಯೊಳಗೆ ಕೆಂಡವನ್ನು ಹೊತ್ತಿಸುವನು. ಚುಂಗಾಣಿ, ಅಥವಾ ಈಗ ಎಲ್ಲರ ಬಾಯಲ್ಲೂ ಇರುವಂತೆ ಪೈಪು, ಅಂಥ ವಸ್ತು. ಹೊಗೆಸೊಪ್ಪು ದೇಹಕ್ಕೆ ಹಿತವೆಂದು ವಾದಿಸುವ ಮೌಢ್ಯ ನನಗಿಲ್ಲ. ವೈದ್ಯರು ಹೇಳುವುದನ್ನೆಲ್ಲ ತಲೆಬಾಗಿ ಕೇಳಿ, ಅಪರೂಪಕ್ಕೊಮ್ಮೆ ಸಂಜೆಯ ಹೊತ್ತು ಮಾತ್ರ ಅದನ್ನು ಬಾಯಿಗಿಡುವವನು ನಾನು. ಆದರೆ ಸೇದದ ದಿನಗಳಲ್ಲಿಯೂ ಆ ಮರದ ಬಟ್ಟಲನ್ನು ಅಂಗೈಯಲ್ಲಿಟ್ಟುಕೊಂಡು ಬೆರಳಿನಿಂದ ಸವರುತ್ತ ಕುಳಿತುಕೊಳ್ಳುವ ಸುಖ ಒಂದುಂಟು. ಆ ಸುಖಕ್ಕೆ ಎಷ್ಟು ಹಣ ಕೊಡಬಹುದೆಂಬುದೇ ಪ್ರಶ್ನೆ. ನಮ್ಮ ಮನೆಯಾಕೆ ಈ ಪ್ರಶ್ನೆಯನ್ನು ಯಾವ ಅರ್ಥಶಾಸ್ತ್ರಜ್ಞನಿಗಿಂತಲೂ ಚುರುಕಾಗಿ ಕೇಳಿದ್ದಾಳೆ: “ಏನೂಂದ್ರೆ, ಬಚ್ಚಲೊಲೆಗೆ ಇಡೋ ಸೌದೆಗೆ ಇಷ್ಟು ದುಡ್ಡು ಕೊಟ್ರಾ?”

ಉತ್ತರ ಹೇಳಬೇಕಾದರೆ ಮೊದಲು ಆ ಸೌದೆಯ ಕುಲಗೋತ್ರವನ್ನು ಹೇಳಬೇಕು. ಮೆಡಿಟರೇನಿಯನ್ ಸಮುದ್ರದ ಸುತ್ತಣ ಒಣಗುಡ್ಡಗಳಲ್ಲಿ, ಕಾರ್ಸಿಕಾ, ಸಾರ್ಡೀನಿಯ, ಇಟಲಿಯ ಕಲಾಬ್ರಿಯ, ಗ್ರೀಸ್, ಆಲ್ಜೀರಿಯಗಳ ಕಲ್ಲುನೆಲದಲ್ಲಿ, ಸಸ್ಯಶಾಸ್ತ್ರಜ್ಞರು ಎರಿಕಾ ಆರ್ಬೋರಿಯ ಎಂದು ಕರೆಯುವ, ಸಣ್ಣ ಬಿಳಿಯ ಹೂಗಳನ್ನು ಬಿಡುವ ಒಂದು ಪೊದೆ ಬೆಳೆಯುತ್ತದೆ. ಅದರ ಬೇರಿಗೂ ಕಾಂಡಕ್ಕೂ ನಡುವೆ ಒಂದು ಗಂಟು ಕಟ್ಟಿಕೊಳ್ಳುವುದುಂಟು. ಕಾಡುಗಿಚ್ಚು ಬಂದು ಮೇಲಿನ ಪೊದೆಯನ್ನೆಲ್ಲ ಸುಟ್ಟುಹೋದರೂ ಮರಳಿ ಚಿಗುರುವ ಚೈತನ್ಯವನ್ನು ತನ್ನಲ್ಲಿ ಹುದುಗಿಸಿಟ್ಟುಕೊಂಡಿರುವ ಈ ಗಂಟೇ ಬ್ರಯರ್. ಬೆಂಕಿಯನ್ನು ತಾಳಿಕೊಳ್ಳುವ ವಿದ್ಯೆ ಅದಕ್ಕೆ ಪೈಪಾದ ಮೇಲೆ ಬಂದುದಲ್ಲ, ಹುಟ್ಟಿನಿಂದಲೇ ಬಂದುದು. ಕೆಲಸಕ್ಕೆ ಬರುವಷ್ಟು ದಪ್ಪನಾಗಲು ಅದಕ್ಕೆ 30–40 ವರ್ಷಗಳಾದರೂ ಬೇಕು. ಅಗೆದು ತೆಗೆದ ಗಂಟು ಬಿರಿಯದಂತೆ ಅದನ್ನು ತೇವದಲ್ಲಿಟ್ಟು, ಗರಗಸದಿಂದ ತುಂಡರಿಸಿ, ಹಂಡೆಗಳಲ್ಲಿ ಗಂಟೆಗಟ್ಟಲೆ ಕುದಿಸಿ ಒಗರನ್ನೂ ರಸವನ್ನೂ ಹೊರಗೆಳೆದು, ಬಳಿಕ ತಿಂಗಳುಗಟ್ಟಲೆ, ಹಟವಾದಿಗಳಾದ ಕುಶಲಿಗಳಾದರೆ ವರ್ಷಗಟ್ಟಲೆ, ಒಣಗಲು ಬಿಡುವರು. ಫ್ರಾನ್ಸಿನ ಜೂರಾ ಬೆಟ್ಟಗಳ ನಡುವಣ ಸ್ಯಾಂ-ಕ್ಲೋದ್ ಎಂಬ ಊರಿನ ಮರಗಡೆತದವರು, ಜಪಮಣಿ ಮೊದಲಾದ ಸಣ್ಣ ಸಾಮಾನುಗಳನ್ನು ಕಡೆದು ಕೈ ಪಳಗಿದವರು, 1850ರ ದಶಕದಲ್ಲಿ ಈ ಗಂಟಿನಿಂದ ಪೈಪು ಮಾಡಲಾರಂಭಿಸಿದರು; ಜೇಡಿಮಣ್ಣಿನ ಪೈಪಿನ ದೊರೆತನ ಅಲ್ಲಿಂದ ಮುಂದೆ ಇಳಿಮುಖವಾಯಿತು.

ಬೆಲೆಯ ಗುಟ್ಟು ಮೊದಲಾಗುವುದೂ ಇಲ್ಲಿಯೇ. ಗಂಟು ನೆಲದಲ್ಲಿ ಹಿಗ್ಗಿ ಬೆಳೆಯುವಾಗ ಮರಳನ್ನೂ ಸಣ್ಣ ಕಲ್ಲುಗಳನ್ನೂ ತನ್ನೊಳಗೆ ನುಂಗಿಕೊಂಡಿರುತ್ತದೆ. ಹೊರಗೆ ನಿಷ್ಕಳಂಕವಾಗಿ ಕಾಣುವ ತುಂಡಿನ ಒಡಲಲ್ಲಿ ಎಲ್ಲಿ ಕುಳಿಯಿದೆ, ಎಲ್ಲಿ ಬಿರುಕಿದೆ ಎಂಬುದು ಆಯುಧ ತಾಗುವವರೆಗೆ ಯಾರಿಗೂ ತಿಳಿಯದು. ಕಾರ್ಖಾನೆಯವನು ಅಂಥ ಕುಳಿಗೆ ಪುಟ್ಟಿ ತುಂಬಿ, ಮೇಲೆ ಗಾಢವಾದ ಬಣ್ಣ ಬಳಿದು, ಕೆಳಗಿನ ದರ್ಜೆಯಲ್ಲಿ ಮಾರುವನು. ಅದರಲ್ಲಿ ಮೋಸವೇನೂ ಇಲ್ಲ, ಬೆಲೆಯೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ಆದರೆ ಮಾನವಂತನಾದ ಕುಶಲಿಯೊಬ್ಬನು, ಹಗಲೆಲ್ಲ ದುಡಿದು ಬಟ್ಟಲಿಗೆ ಆಕಾರ ಬಂದು, ಇನ್ನೇನು ಮೆರುಗು ಕೊಡಬೇಕೆನ್ನುವ ಹೊತ್ತಿಗೆ ಸಾಸಿವೆಯಷ್ಟು ಕುಳಿ ಕಾಣಿಸಿಕೊಂಡರೆ, ನಿಟ್ಟುಸಿರಿಟ್ಟು ಅದನ್ನು ಮೂಲೆಯ ಬುಟ್ಟಿಗೆ ಎಸೆದುಬಿಡುವನು. ನಾವು ತೆರುವ ಹಣದಲ್ಲಿ ಒಂದು ಪಾಲು ನಮ್ಮ ಕೈಗೆ ಬಂದ ಪೈಪಿನದು. ಮತ್ತೊಂದು ಪಾಲು, ಬಹುಶಃ ದೊಡ್ಡ ಪಾಲು, ನಾವೆಂದಿಗೂ ಕಾಣದೆಯಿರುವ ಆ ಬುಟ್ಟಿಯೊಳಗಿನವುಗಳದು. ಈ ತಿರಸ್ಕಾರಕ್ಕೆ ಬೆಲೆ ಕಟ್ಟುವುದನ್ನು ನಾನು ಅನ್ಯಾಯವೆನ್ನಲಾರೆ. ಬೇಡವೆನ್ನಬಲ್ಲವನ ಕೈಕೆಲಸಕ್ಕೆ ತುಸು ಹೆಚ್ಚು ಕೊಟ್ಟರೆ ಕೊಟ್ಟವನಿಗೇನೂ ಕುಂದಿಲ್ಲ.

ಹೆಸರಿಗೆ ಕಟ್ಟುವ ಬೆಲೆಯ ವಿಚಾರ ಬೇರೆ. ಲಂಡನ್ನಿನ ಡ್ಯೂಕ್ ಸ್ಟ್ರೀಟಿನಲ್ಲಿ 1907ರಲ್ಲಿ ಹೊಗೆಸೊಪ್ಪಿನ ಅಂಗಡಿ ತೆರೆದ ಆಲ್ಫ್ರೆಡ್ ಡನ್‌ಹಿಲ್, ಪೇಟೆಯಲ್ಲಿ ಸಿಕ್ಕುತ್ತಿದ್ದ ಪೈಪುಗಳು ಮನಸ್ಸಿಗೆ ಬಾರದೆ 1910ರಲ್ಲಿ ತನ್ನದೇ ಕಾರ್ಖಾನೆ ಹೂಡಿದನು. ಅವನ ಪೈಪಿನ ಕಪ್ಪು ನಳಿಗೆಯ ಮೇಲೆ ಒಂದು ಬಿಳಿಯ ಚುಕ್ಕೆಯಿದೆ. ಗಂಧಕ ಬೆರೆಸಿ ಗಟ್ಟಿಮಾಡಿದ ರಬ್ಬರಿನ ಆ ನಳಿಗೆಯಲ್ಲಿ ಮೇಲ್ಮೈ ಯಾವುದು ಕೆಳಮೈ ಯಾವುದು ಎಂದು ಗಿರಾಕಿಗಳಿಗೆ ತೋರಿಸುವುದಕ್ಕಾಗಿ ಅದನ್ನು ಇಟ್ಟರೆಂದು ಹೇಳುವರು. ದಾರಿ ತೋರಿಸಲು ಬಂದ ಚುಕ್ಕೆ ಕಾಲಕ್ರಮದಲ್ಲಿ ದೊಡ್ಡಸ್ತಿಕೆಯ ತಿಲಕವಾಯಿತು. ಅವನಲ್ಲಿ ಕೆಲಸ ಮಾಡಿದ್ದ ಜೋಯೆಲ್ ಸಸಿಯೇನಿ 1919ರಲ್ಲಿ ಹೊರಬಂದು ತನ್ನದೇ ಪೈಪು ಮಾಡತೊಡಗಿ, ಕೊನೆಗೆ ನಾಲ್ಕು ಚುಕ್ಕೆಗಳನ್ನಿಟ್ಟು ಹೆಸರಾದನೆಂದ ಮೇಲೆ, ಚುಕ್ಕೆಗಳಲ್ಲಿಯೂ ಪೈಪೋಟಿ ನಡೆಯಿತೆನ್ನಬೇಕು. ಇಂದು ಹೊಸ ಡನ್‌ಹಿಲ್ಲಿಗೆ ನೂರಾರು ಪೌಂಡು ತೆರಬೇಕು. ಅದರಲ್ಲಿ ಮರದ ಪಾಲೆಷ್ಟು, ಚುಕ್ಕೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವ ಲೆಕ್ಕಿಗ ಇನ್ನೂ ಹುಟ್ಟಿಲ್ಲ.

ಆದರೂ ಡನ್‌ಹಿಲ್ಲನಿಗೆ ನಾನು ಮನಸಾರೆ ಕೈಮುಗಿಯುವುದು ಒಂದು ಕಾರಣಕ್ಕೆ. 1917ರಲ್ಲಿ ಅವನು ಷೆಲ್ ಎಂಬ ಹೊಸ ಬಗೆಯ ಪೈಪನ್ನು ರೂಪಿಸಿದನು: ಬಟ್ಟಲಿನ ಮೈಗೆ ರಭಸದಿಂದ ಮರಳನ್ನು ಊದಿದರೆ ಮರದ ಮೆತುಭಾಗಗಳು ಸವೆದು, ಗಟ್ಟಿಯಾದ ಎಳೆಗಳು ಏಣೇಣಾಗಿ ಎದ್ದು ನಿಲ್ಲುತ್ತವೆ. ನಯಗೊಳಿಸಿದರೆ ಕುಳಿ ಕಾಣುವ ಮರವೂ ಇಲ್ಲಿ ಶೋಭಿಸುವುದು, ಏಕೆಂದರೆ ಕುಳಿಯನ್ನು ಮುಚ್ಚುವ ಬದಲು ಮೈಯೆಲ್ಲವನ್ನೂ ಕುಳಿಯ ಸೊಬಗಿಗೇ ಒಪ್ಪಿಸಿದಂತಾಯಿತು. ನನ್ನಲ್ಲಿರುವ ಷೆಲ್ ಹೊಸದಲ್ಲ. ಯಾರೋ ಅಪರಿಚಿತ ಆಂಗ್ಲೇಯನ ಹಲ್ಲಿನ ಗುರುತನ್ನು ನಳಿಗೆಯ ತುದಿಯಲ್ಲಿ ಹೊತ್ತುಕೊಂಡೇ ನನ್ನ ಬಳಿಗೆ ಬಂದದ್ದು, ಆದ್ದರಿಂದಲೇ ನನ್ನ ಕೈಗೆಟುಕಿದ್ದು. ಅದರ ಏಣುಗಳ ಮೇಲೆ ಹೆಬ್ಬೆರಳಾಡಿಸುತ್ತ ಕುಳಿತರೆ ಹೊಗೆಸೊಪ್ಪು ತುಂಬುವುದು ಎಷ್ಟೋ ವೇಳೆ ಮರೆತುಹೋಗುವುದುಂಟು.

ಬೆಲೆಯ ಶಿಖರ ಇರುವುದು ಲಂಡನ್ನಿನಲ್ಲಲ್ಲ, ಡೆನ್ಮಾರ್ಕಿನ ಸುತ್ತಮುತ್ತ. ಸ್ವೀಡನ್ನಿನಲ್ಲಿ 1910ರಲ್ಲಿ ಹುಟ್ಟಿ ಕೋಪನ್‌ಹೇಗನ್ನಿಗೆ ಬಂದು ನೆಲಸಿದ ಸಿಕ್ಸ್‌ಟೆನ್ ಇವಾರ್ಸನ್, ಮುರಿದ ಪೈಪುಗಳನ್ನು ರಿಪೇರಿ ಮಾಡುತ್ತಲೇ ಈ ವಿದ್ಯೆಯ ಒಳಗುಟ್ಟನ್ನು ಅರಿತವನು. ಇಂಗ್ಲಿಷರು ಮೊದಲೇ ಗೊತ್ತುಮಾಡಿದ್ದ ಕೆಲವು ಆಕಾರಗಳಿಗೆ ಮರವನ್ನು ಬಗ್ಗಿಸುವುದನ್ನು ಬಿಟ್ಟು, ಮರದ ಎಳೆಗಳು ಎತ್ತ ಓಡುತ್ತವೆಯೋ ಅತ್ತ ಆಕಾರವನ್ನು ಒಯ್ದನು. ಅವನ ಮಗ ಲಾರ್ಸ್, ಮೊಮ್ಮಗಳು ನಾನಾ ಅದೇ ಕಸುಬನ್ನು ಹಿಡಿದರು. ಸ್ವೀಡನ್ನಿನ ಬೂ ನೂರ್ಡ್, ಮೋಟಾರುಸೈಕಲಿನ ಅಪಘಾತದಿಂದ ಕಾಲುಗಳ ಬಲವನ್ನು ಕಳೆದುಕೊಂಡು ಗಾಲಿಕುರ್ಚಿಯಲ್ಲಿ ಕುಳಿತೇ ಕೆಲಸ ಮಾಡುತ್ತಿದ್ದವನು, ಬಟ್ಟಲಿನ ಸುತ್ತಲೂ ಎಳೆಗಳು ಬುಡದಿಂದ ಬಾಯಿಯವರೆಗೆ ಒಂದೂ ತಪ್ಪದೆ ನೇರವಾಗಿ ಏಳುವಂತೆ ಮರವನ್ನು ಒಲಿಸಿಕೊಂಡನು. ಅವನ ಪೈಪುಗಳಿಗೆ ಸಾವಿರಾರು ಡಾಲರು ಕೊಟ್ಟವರಿದ್ದಾರೆ. ಇದನ್ನು ಶಿಲ್ಪವೆಂದು ಒಪ್ಪಿದರೆ ಬೆಲೆಯ ವಾದ ಅಲ್ಲಿಗೇ ನಿಲ್ಲಬೇಕು. ಆದರೆ ಸಂಗ್ರಾಹಕರ ಪೇಟೆಯಲ್ಲಿ ಒಮ್ಮೆಯೂ ಬೆಂಕಿ ಕಾಣದ ಪೈಪಿಗೆ, ಸೇದಿದ ಪೈಪಿಗಿಂತ ಹೆಚ್ಚಿನ ಬೆಲೆ. ಹಾಗಾಗಿ ಅತ್ಯುತ್ತಮವಾದ ಪೈಪುಗಳೇ ಬೀರುವಿನ ಗಾಜಿನ ಹಿಂದೆ ಬ್ರಹ್ಮಚರ್ಯದಲ್ಲಿ ಕಾಲ ಕಳೆಯುತ್ತಿರುವುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ತುರ್ಕಿಯ ಎಸ್ಕಿಶೆಹಿರಿನ ಗಣಿಗಳಲ್ಲಿ ಸಿಕ್ಕುವ ಮೀರ್‌ಷಾಮ್ ಎಂಬ ಹಗುರವಾದ ಬಿಳಿಯ ಖನಿಜದ ಪೈಪು ಇದಕ್ಕೆ ತೀರ ವಿರುದ್ಧ: ಸೇದಿದಷ್ಟೂ ಅದು ಹೊನ್ನಿನ ಬಣ್ಣಕ್ಕೂ ಅಲ್ಲಿಂದ ಕಂದಿಗೂ ತಿರುಗಿ, ಯಜಮಾನನ ವಯಸ್ಸಿನೊಡನೆ ತಾನೂ ಚೆಲುವಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಅಮೆರಿಕದ ಮಿಸ್ಸೌರಿಯ ವಾಷಿಂಗ್ಟನ್ ಎಂಬ ಊರಿನಲ್ಲಿ 1869ರಿಂದ ಮುಸುಕಿನ ಜೋಳದ ದಿಂಡನ್ನು ಕೊರೆದು ಮಾಡುತ್ತಿರುವ ಪೈಪೊಂದು ಎದುರಿಗೆ ಬಂದು ನಿಂತು ನನ್ನ ವಾದವನ್ನು ಅಣಕಿಸುತ್ತದೆ. ಅದರ ಬೆಲೆ ಕೆಲವೇ ಡಾಲರು. ಎರಡನೆಯ ಮಹಾಯುದ್ಧದ ಅಮೆರಿಕನ್ ದಂಡನಾಯಕ ಜನರಲ್ ಮೆಕಾರ್ಥರನಂಥವನ ಬಾಯಲ್ಲಿ ಮೆರೆದದ್ದೂ ಜೋಳದ ದಿಂಡೇ. ಅದರಲ್ಲಿ ಸೇದಿದ ಹೊಗೆ ತಣ್ಣಗಿರುತ್ತದೆ, ಒಣಗಿರುತ್ತದೆ, ರುಚಿಯಾಗಿಯೂ ಇರುತ್ತದೆ. ಮೊದಲ ಕಡ್ಡಿ ಗೀರಿದಾಗ ಎಲೆ ಉಬ್ಬಿ ಮೇಲೇಳುವುದು, ಮೆಲ್ಲನೆ ಒತ್ತಿ ಎರಡನೆಯ ಕಡ್ಡಿ ಹಿಡಿದಾಗ ಕೆಂಡ ಸಮನಾಗಿ ಹರಡುವುದು, ಆತುರಪಟ್ಟವನ ನಾಲಗೆಯನ್ನು ಸುಟ್ಟು ಸಾವಧಾನಿಗೆ ಮಾತ್ರ ಎಲೆಯ ಸಿಹಿಯನ್ನು ಉಣಿಸುವುದು, ಇವೆಲ್ಲ ದಿಂಡಿನ ಪೈಪಿನಲ್ಲಿಯೂ ಹಾಗೆಯೇ ನಡೆಯುತ್ತವೆ. ಹೊಗೆಗೆ ಬೆಲೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಬೈರಿಗೆಯ ಕೆಲಸವೊಂದೇ. ಹೊಗೆಯ ಹಾದಿ ಬಟ್ಟಲಿನ ತಳದ ನಟ್ಟನಡುವೆ ಬಂದು ಸೇರಬೇಕು; ತುಸು ಮೇಲಕ್ಕೆ ಬಂದರೆ ಕೆಳಗಿನ ಎಲೆ ಉರಿಯದೆ ತೊಯ್ದು ಉಳಿಯುವುದು. ಮರದ ಕೊರಳಿಗೆ ನಳಿಗೆ ಸೇರುವ ಸಂದಿನಲ್ಲಿ ಒಳಗೆ ಎಡೆ ಉಳಿದರೆ ಹೊಗೆ ಅಲ್ಲಿ ಸುಳಿಸುತ್ತಿ, ತಣಿದು ನೀರಾಗಿ, ಸೇದುವವನ ಬಾಯಲ್ಲಿ ಗುಳುಗುಳು ಎನ್ನುವುದು. ಇದನ್ನು ಸರಿಯಾಗಿ ಮಾಡಲು ಕಣ್ಣಳತೆಯೂ ತಾಳ್ಮೆಯೂ ಬೇಕೇ ಹೊರತು ಚುಕ್ಕೆ ಬೇಕಿಲ್ಲ. ಅಗ್ಗದ ಪೈಪಿನಲ್ಲಿ ಇದು ಸರಿಯಿರುವುದುಂಟು, ಭಾರಿ ಬೆಲೆಯದರಲ್ಲಿ ತಪ್ಪಿರುವುದೂ ಉಂಟು.

ಆದಕಾರಣ ಪೈಪಿನ ಅಂಗಡಿಗೆ ಹೋದಾಗ ನಾನು ಎಳೆಗಳನ್ನು ನೋಡುವ ಮೊದಲು, ಬೆಲೆಯ ಚೀಟಿಯನ್ನು ನೋಡುವುದಕ್ಕೂ ಮೊದಲು, ಜೇಬಿನಿಂದ ನೂಲು ಸುತ್ತಿದ ಸಣ್ಣ ತಂತಿಯನ್ನು ತೆಗೆದು ನಳಿಗೆಯ ಬಾಯಿಂದ ಒಳಗೆ ತಳ್ಳುವೆನು. ಅದು ಎಲ್ಲಿಯೂ ತಡೆಯದೆ ಬಟ್ಟಲಿನ ತಳದಲ್ಲಿ ತಲೆ ತೋರಿಸಿದರೆ ಮುಂದಿನ ಮಾತು. ಅಂಗಡಿಯವನು ಹುಬ್ಬುಗಂಟಿಕ್ಕಿ, “ಸ್ವಾಮಿ, ಅದು ಹೊಸದು, ಯಾರೂ ಸೇದಿಲ್ಲ” ಎಂದು ಮೆಲ್ಲನೆ ಎಚ್ಚರಿಸುವನು. ತಂತಿ ನಡುದಾರಿಯಲ್ಲಿ ತಡೆದು ನಿಂತಿತೋ, ನಳಿಗೆಯ ಮೇಲೆ ಎಷ್ಟು ಚುಕ್ಕೆಗಳಿದ್ದರೂ ಸರಿಯೆ, ಅದನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಯೇ ಮರಳಿ ಮಲಗಿಸಿ ಪಕ್ಕದ ಪೈಪಿಗೆ ಕೈ ನೀಡುವೆನು.